ಹಿಮಬಂಡಿಗಾಗಿ ತಳ್ಳಿದ ಕಾರು

ಲಫ್‌ಬರೋದಲ್ಲಿ ಸೋಮಾರಿಯಾಗಿ ಬದುಕುವುದು ಸುಲಭವಲ್ಲ. ಇಂಗ್ಲೆಂಡಿನ ಈ ಊರಿನ ವಿಶ್ವವಿದ್ಯಾಲಯ ಓದಿಗೆ ಎಷ್ಟು ಹೆಸರಾಗಿದೆಯೋ ಆಟೋಟಕ್ಕೂ ಅಷ್ಟೇ ಹೆಸರು. ಹಾಲು ತರಲು ಹೊರಟರೆ ಎಡಕ್ಕಿಬ್ಬರು ಬಲಕ್ಕಿಬ್ಬರು ಚಡ್ಡಿ ತೊಟ್ಟು ಮಂಜಿನಲ್ಲೇ ಓಡುತ್ತಾ ನಮ್ಮನ್ನು ದಾಟಿಹೋಗುತ್ತಾರೆ. ಹೋಗುವಾಗ ಒಂದು ನಗೆ ಬೇರೆ ಬೀರುತ್ತಾರೆ, ಹೊಟ್ಟೆ ಉರಿಯುವುದು ಅದಕ್ಕೇ. ಅಂಥ ಊರಿನಲ್ಲಿದ್ದುಕೊಂಡೂ ಬೆವರದೆ ಪಿಎಚ್.ಡಿ. ಮುಗಿಸಬೇಕೆಂಬುದು ನನ್ನ ಸಂಕಲ್ಪವಾಗಿತ್ತು. ಎರಡು ವರ್ಷ ಅದನ್ನು ವ್ರತದಂತೆ ಪಾಲಿಸಿದೆ. ಮೂರನೇ ವರ್ಷ ಸ್ನೋಮೊಬೈಲ್ ಬಂತು.

ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಮೋಟಾರು ಬಂಡಿ. ಮುಂದೆ ಎರಡು ಸ್ಕೀ ಹಲಗೆ, ಹಿಂದೆ ಸುತ್ತುವ ರಬ್ಬರ್ ಪಟ್ಟಿ, ನಡುವೆ ಬೈಕಿನದರಂಥ ಸೀಟು. ಆ ಸೀಟಿನ ಅದುರಾಟದಿಂದ ಸವಾರನ ಬೆನ್ನುಮೂಳೆಗೆ ಏನಾಗುತ್ತದೆ ಎನ್ನುವುದೇ ನನ್ನ ಸಂಶೋಧನೆ. ಮೈಸೂರಿನಲ್ಲಿ ಹುಟ್ಟಿ, ಹಿಮವನ್ನು ಫ್ರಿಜ್ಜಿನ ಮೇಲಂತಸ್ತಿನಲ್ಲಿ ಮಾತ್ರ ಕಂಡಿದ್ದವನಿಗೆ ಈ ವಿಷಯ ಹೇಗೆ ಸಿಕ್ಕಿತು ಎಂದು ಕೇಳಬೇಡಿ. ಸ್ಕಾಲರ್‌ಶಿಪ್ ಇದ್ದದ್ದು ಅದಕ್ಕೆ.

ಎರಡು ವರ್ಷ ಲ್ಯಾಬಿನಲ್ಲಿ ಸೀಟನ್ನು ಅದುರಿಸುತ್ತಾ ಕುಳಿತಿದ್ದೆ. ಆ ಅಕ್ಟೋಬರಿನಲ್ಲಿ ನಮ್ಮ ಪ್ರೊಫೆಸರ್ ಕರೆದು, ಫೆಬ್ರವರಿಯ ಹಿಮದ ಕಾಲಕ್ಕೆ ಸ್ವೀಡನ್ನಿನ ಉತ್ತರಕ್ಕೆ ಹೋಗಿ ನಿಜವಾದ ಬಂಡಿಯ ಮೇಲೆ ಅಳತೆ ತೆಗೆಯಬೇಕು ಎಂದರು. ಒಂದು ಹಾಳೆಯನ್ನೂ ಕೈಗಿತ್ತರು. ಈ ಬಂಡಿಯ ಮೇಲೆ ಸುಮ್ಮನೆ ಕೂರುವಂತಿಲ್ಲ, ಅರ್ಧ ಕುಕ್ಕರಗಾಲಿನಲ್ಲಿ ನಿಂತೇ ಓಡಿಸಬೇಕು. ಮೆತ್ತನೆ ಹಿಮದಲ್ಲಿ ಹೂತುಹೋದರೆ ಎಳೆದು ತಳ್ಳಿ ಹೊರಗೆ ತರಬೇಕು. ಆದ್ದರಿಂದ ತೊಡೆ, ಸೊಂಟ, ಹಿಡಿತ, ಉಸಿರು ಎಲ್ಲವೂ ಗಟ್ಟಿಯಿರಬೇಕು ಎಂದು ಅದರಲ್ಲಿ ಬರೆದಿತ್ತು. ಡಿಸೆಂಬರಿನ ನಡುವೆ ಪರೀಕ್ಷೆ. ಗೋಡೆಗೆ ಬೆನ್ನು ಕೊಟ್ಟು ಮೂರು ನಿಮಿಷ ಕುರ್ಚಿಯಿಲ್ಲದೆ ಕೂರಬೇಕು, ಭಾರ ಹೇರಿದ ಜಾರುಹಲಗೆಯನ್ನು ಕ್ರೀಡಾಂಗಣದ ಈ ತುದಿಯಿಂದ ಆ ತುದಿಗೆ ತಳ್ಳಬೇಕು. ಫೇಲಾದರೆ ನನ್ನ ಬದಲು ಕಾಯುವ ಪಟ್ಟಿಯಲ್ಲಿರುವವನು ಹೋಗುತ್ತಾನೆ. ನಾನು ಮುಂದಿನ ಹಿಮಕ್ಕೆ ಕಾಯಬೇಕು, ಅಷ್ಟರಲ್ಲಿ ನನ್ನ ಸ್ಕಾಲರ್‌ಶಿಪ್ ಮುಗಿದಿರುತ್ತದೆ. ಅಲ್ಲಿಗೆ ನನ್ನ ಪಿಎಚ್.ಡಿ.ಗೆ ಮಂಗಳ.

ಕಾಯುವ ಪಟ್ಟಿಯಲ್ಲಿ ಇದ್ದವನು ಒಬ್ಬನೇ. ಅದೇ ಲ್ಯಾಬಿನವನು, ನನ್ನ ಮನೆಯಲ್ಲೇ ನನ್ನ ಪಕ್ಕದ ಕೋಣೆಯಲ್ಲಿ ಇರುವವನು, ಧಾರವಾಡದವನು.

ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳಲ್ಲಿ ಒಂದಾದ ಆ ಮನೆಯಲ್ಲಿ ನಾವು ಮೂವರಿದ್ದೆವು. ನಾನು, ಧಾರವಾಡದವನು, ಮತ್ತು ರಸಾಯನಶಾಸ್ತ್ರ ಓದುತ್ತಿದ್ದ ಮಂಗಳೂರಿನ ಒಬ್ಬ ಬ್ಯಾರಿ ಹುಡುಗ. ಮೂರು ಕಡೆಯ ಕನ್ನಡ ಒಂದು ಅಡುಗೆಮನೆಯಲ್ಲಿ ಸೇರಿದಾಗ ನಾನೂ ಮಂಗಳೂರಿನವನೂ ಬೆಂಗಳೂರಿನ ಕನ್ನಡಕ್ಕೆ ಬಂದು ನಿಲ್ಲುತ್ತಿದ್ದೆವು. ಧಾರವಾಡದವನು ಮಾತ್ರ ಜಗ್ಗುತ್ತಿರಲಿಲ್ಲ. ಅವನದು ಕಂಬದಂಥ ಮೈ. ಆ ಪರೀಕ್ಷೆಯನ್ನು ಅವನು ಚಹಾ ಕುಡಿಯುತ್ತಲೇ ಪಾಸು ಮಾಡಬಲ್ಲವನು. ಪಾಸಾಗಬೇಕಾದವನು ನಾನು, ಏಣಿ ಹತ್ತಿದರೆ ಏದುಸಿರು ಬಿಡುವವನು.

ಜಿಮ್ಮಿಗೆ ಹೋಗದೆ ಇರಲಿಲ್ಲ. ಮೊದಲ ದಿನ ಅಲ್ಲಿನ ಯಂತ್ರ ಸರಿಯಿಲ್ಲ ಅನಿಸಿತು. ಎರಡನೇ ದಿನ ಸಂಗೀತ ಜೋರಾಯಿತು. ಮೂರನೇ ದಿನ ಬೂಟು ಕಚ್ಚಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನಗೆ ಇಡೀ ಕಟ್ಟಡವೇ ಡೊಂಕಾಗಿ ಕಂಡಿತು. ನಾಲ್ಕನೇ ದಿನ ಹೋಗಲಿಲ್ಲ.

"ಇವತ್ತ್ ಹೋಗಲಿಲ್ಲೇನು?" ಎಂದ ಧಾರವಾಡದವನು.

"ನಾಳೆಯಿಂದ."

"ನಾಳಿ ಅಂಬೋದು ಹಾಳ್ ಮನೀ ಮಾತು," ಎಂದು ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಜಾತ್ರೆಯಲ್ಲಿ ಹೋರಿ ನೋಡುವವರು ಹಾಗೆ ನೋಡುತ್ತಾರೆ, ಆದರೆ ಅವರು ಮುಖವನ್ನು ಅಷ್ಟು ಹುಳ್ಳಗೆ ಮಾಡಿಕೊಳ್ಳುವುದಿಲ್ಲ.

ಅದಾಗಿ ಎರಡು ದಿನಕ್ಕೆ ಅವನ ಕಾರು ಕೆಟ್ಟಿತು.

ನೀಲಿ ಬಣ್ಣದ, ಎಷ್ಟನೆಯ ಕೈಯದೋ ಗೊತ್ತಿಲ್ಲದ ಸಣ್ಣ ಕಾರು ಅದು. ವಾರದಲ್ಲಿ ಐದು ದಿನ ಬೆಳಗಿನ ಆರೂವರೆಗೆ ಅವನಿಗೆ ಒಂದು ಗೋದಾಮಿನಲ್ಲಿ ಎರಡು ಗಂಟೆಯ ಪಾಳಿ ಕೆಲಸ ಇತ್ತು, ಬಸ್ಸು ಅಷ್ಟು ಬೇಗ ಇರಲಿಲ್ಲ. ಆರು ಗಂಟೆಗೆ ನನ್ನ ಬಾಗಿಲು ಬಡಿದ. "ಕೀಲಿ ತಿರುಗಿಸಿದ್ರ ಟಿಕ್ ಅಂತೂ ಅನವಲ್ತು. ಏಳಪಾ, ಸ್ವಲ್ಪ ದಬ್ಬು."

ಜಿಮ್ಮಿಗೆ ನೂರು ನೆಪ ಹೇಳಬಹುದು. ನಿಂತ ಗಾಡಿ ತಳ್ಳಲು ಕರೆದರೆ ಬರುವುದಿಲ್ಲ ಎನ್ನಲು ನಮ್ಮ ಕಡೆಯವರಿಗೆ ಬಾಯಿ ಬರುವುದಿಲ್ಲ. ಊರಲ್ಲಿ ರಸ್ತೆ ಮಧ್ಯೆ ಜೀಪು ನಿಂತರೆ ಸೈಕಲ್ಲಿನವನು ಸೈಕಲ್ಲು ಬಿಟ್ಟು, ತರಕಾರಿಯವನು ತಕ್ಕಡಿ ಬಿಟ್ಟು ಬಂದು ಹೆಗಲು ಕೊಡುವುದನ್ನು ನೋಡಿ ಬೆಳೆದವರು ನಾವು. ಪಂಚೆಯ ಮೇಲೆ ಸ್ವೆಟರ್ ಹಾಕಿಕೊಂಡು ಹೋದೆ.

ನಮ್ಮ ಬೀದಿಗೆ ಸಣ್ಣದೊಂದು ಏರು. ಇಳಿಜಾರಿನ ಕಡೆ ತಳ್ಳಿದರೆ ಗಾಳಿಗೇ ಹೋಗುತ್ತಿತ್ತು, ಆದರೆ ಅದು ಒನ್‌ವೇ, ಆ ಕಡೆ ನೋ ಎಂಟ್ರಿ. ಹಾಗಾಗಿ ಮೂಲೆಯವರೆಗೆ ಏರಿನ ಮೇಲೆ ತಳ್ಳಬೇಕು, ಅಲ್ಲಿ ತಿರುಗಿದರೆ ಇಳಿಜಾರು ಸಿಕ್ಕಿ ಕಾರು ಗುಡುಗಿ ಚಾಲೂ ಆಗುತ್ತದೆ. ಮೊದಲ ದಿನ ಅವನೂ ಬಾಗಿಲ ಪಕ್ಕ ನಿಂತು ಸ್ಟೀರಿಂಗ್ ಹಿಡಿದು ತಳ್ಳಿದ. ಮೂಲೆ ತಲುಪಿದಾಗ ನಾನು ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಕುಸಿದು ಕುಳಿತೆ.

ಮಂಗಳೂರಿನವನನ್ನೂ ಕರೆದಿದ್ದೆ. ಆಗ ರಂಜಾನ್ ತಿಂಗಳು. "ಉಪವಾಸ ಮಾರಾಯ, ಶಕ್ತಿ ಎಲ್ಲಿಂದ ಬರಬೇಕು?" ಎಂದ. ಅವನು ಆಗಷ್ಟೇ ಉಪವಾಸಕ್ಕೆ ಮುಂಚಿನ ಸಹರಿಯ ಊಟಕ್ಕೆ ನಾಲ್ಕು ಮೊಟ್ಟೆ, ಆರು ರೊಟ್ಟಿ ಮುಗಿಸಿ ಎದ್ದಿದ್ದ. ಹಬ್ಬ ಮುಗಿದ ಮೇಲೆ ಅವನಿಗೆ ಕ್ರಿಸ್‌ಮಸ್ಸಿನವರೆಗೆ ನೆಗಡಿ ಇತ್ತು.

ಮಾರನೇ ದಿನವೂ ಕಾರು ಹೊರಡಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಚಳಿಯಲ್ಲಿ ಬ್ಯಾಟರಿ ಹೇಗೆ ಶಕ್ತಿ ಕಳೆದುಕೊಳ್ಳುತ್ತದೆ ಎಂದು ನಾನು ಧಾರವಾಡದವನಿಗೆ ಅರ್ಧ ಗಂಟೆ ವಿವರಿಸಿದೆ. ಅವನು ಕೈಕಟ್ಟಿ ಕೇಳಿ, "ಎಷ್ಟ್ ತಿಳದೈತಿ ಅಲ್ಲ ನಿನಗ!" ಎಂದ. ಮೂಲೆಯಲ್ಲಿ ಅವನು ಬ್ರೇಕ್ ಒತ್ತಿದಾಗಲೆಲ್ಲ, ಬ್ಯಾಟರಿ ಸತ್ತಿದೆಯೆಂದು ನಾನು ಸಾರಿದ್ದ ಆ ಕಾರಿನ ಹಿಂದಿನ ದೀಪಗಳು ನನ್ನ ಮೂಗಿನ ಮುಂದೆಯೇ ಕೆಂಪಗೆ ಬೆಳಗುತ್ತಿದ್ದವು. ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಚಿನ್ನದ ಪದಕ ಪಡೆದ ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಎರಡು ವಾರಕ್ಕೆ ಅವನು ಬಾಗಿಲ ಪಕ್ಕ ತಳ್ಳುವುದನ್ನು ಬಿಟ್ಟು, ಒಳಗೆ ಮಹಾರಾಜನಂತೆ ಕೂರತೊಡಗಿದ. ಮೊದಮೊದಲು ಮೂಲೆಗೆ ನಾಲ್ಕು ಮನೆ ದೂರದಲ್ಲಿ ನಿಲ್ಲುತ್ತಿದ್ದ ಕಾರು ಎಂಟು ಮನೆ, ಆಮೇಲೆ ಹದಿನಾಲ್ಕು ಮನೆ ಆಚೆಗೆ ಹೋಯಿತು. ಕೇಳಿದರೆ, ಪಾರ್ಕಿಂಗ್ ಸಿಗಲಿಲ್ಲ ಎನ್ನುತ್ತಿದ್ದ. ಪಕ್ಕದ ಊರು ಲೆಸ್ಟರಿನ ಅಂಗಡಿಯಿಂದ ತಂದ ಅಕ್ಕಿಯ ಚೀಲ ಡಿಕ್ಕಿಯಲ್ಲೇ ಇತ್ತು. ಇಳಿಸೋ ಎಂದರೆ, "ನಾಳಿ ಇಳಸ್ತೀನಿ." ನಾಳಿ ಎಂಬುದು ಹಾಳು ಮನೆ ಮಾತು ಎಂದಿದ್ದವನು ಅವನೇ. ಮುಂದಿನ ವಾರ ಆ ಚೀಲದ ಜೊತೆಗೆ ಇನ್ನೊಂದು ಸೇರಿತು.

ನನಗೆ ಸಂಶಯ ಶುರುವಾಯಿತು. ಇವನು ಬೇಕೆಂದೇ ಹೀಗೆ ಮಾಡುತ್ತಿದ್ದಾನೆ, ಪರೀಕ್ಷೆಗೆ ಮುಂಚೆ ನನ್ನ ಸೊಂಟ ಮುರಿದು ತಾನು ಸ್ವೀಡನ್ನಿಗೆ ಹಾರುವ ಹುನ್ನಾರ ಇದು ಎನಿಸಿತು. ಅವನ ಕೋಣೆಯ ಗೋಡೆಯ ಮೇಲೆ ಹಿಮದ ಬಯಲಿನ ದೊಡ್ಡ ಚಿತ್ರವೊಂದು ಬೇರೆ ಇತ್ತು, ಅಂಟಿಸಿದ್ದು ನಾನು ಈ ಲ್ಯಾಬಿಗೆ ಬರುವ ಮುಂಚೆಯೇ. ಮಂಗಳೂರಿನವನಿಗೆ ಹೇಳಿದೆ. ಅವನು ಮೂಗು ಒರೆಸಿಕೊಂಡು, "ನೀನೆಂತ ಮಾರಾಯ, ಪೊಲೀಸ್ ಆಗಬೇಕಿತ್ತು," ಎಂದು ಒಳಗೆ ಹೋದ. ಅವನ ಹೆಗಲು ಯಾಕೆ ಕುಲುಕುತ್ತಿದೆ ಎಂದು ನಾನು ಕೇಳಲಿಲ್ಲ.

ನವೆಂಬರ್ ಕೊನೆಯಲ್ಲಿ ಒಂದು ಸೋಮವಾರ ಕಾರು ತಾನಾಗಿ ಹೊರಟಿತು. ಧಾರವಾಡದವನು ಬಾಗಿಲು ಬಡಿಯಲೇ ಇಲ್ಲ. ಮಳೆ ಸುರಿಯುತ್ತಿತ್ತು. ಅಭ್ಯಾಸಬಲದಿಂದ ಎಚ್ಚರಾದ ನನಗೆ ಮತ್ತೆ ನಿದ್ದೆ ಬರಲಿಲ್ಲ. ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಬಂದು ಬಡಿದರೇನು ಗತಿ? ಅದಕ್ಕೇ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ, ಮಳೆಯಲ್ಲಿ ನಿಂತು, "ತಳ್ಳಬೇಕಾ?" ಎಂದು ಕೇಳಿದೆ. ಅವನು ಕಿಟಕಿ ಇಳಿಸಿ, ನನ್ನನ್ನು ನೋಡಿ, "ಬ್ಯಾಡ," ಎಂದು ಹೊರಟುಹೋದ. ಖಾತ್ರಿ ಮಾಡಿಕೊಂಡು ಬಂದು ರಜಾಯಿಯೊಳಗೆ ನುಗ್ಗಿದೆ. ಅದರ ಸುಖ ಏನು ಹೇಳಲಿ! ಮಂಗಳವಾರ ಹಾಗೆಯೇ ಆಯಿತು. ಬುಧವಾರವೂ ಹಾಗೆಯೇ: ಮಳೆ, ಚಪ್ಪಲಿ, "ತಳ್ಳಬೇಕಾ?", "ಬ್ಯಾಡ," ರಜಾಯಿ. ಆ ಮೂರು ದಿನ ನಾನು ಪರೋಟ ತಿಂದು ತೂಕಡಿಸಿದೆ, ಜಿಮ್ಮಿನ ಹೆಸರೆತ್ತಲಿಲ್ಲ. ಗುರುವಾರ ಬೆಳಿಗ್ಗೆ ಮತ್ತೆ ಬಾಗಿಲು ಸದ್ದಾಯಿತು. ಅವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. "ಮತ್ತ ಕೆಟ್ಟೈತಿ. ಬಾ," ಎಂದಷ್ಟೇ ಹೇಳಿದ. ನಾನು ಅವನನ್ನೂ ಕಾರನ್ನೂ ಅದನ್ನು ಮಾಡಿದ ಕಂಪನಿಯನ್ನೂ ಬೈಯುತ್ತಾ ತಳ್ಳಿದೆ.

ಡಿಸೆಂಬರಿನ ಪರೀಕ್ಷೆಯಲ್ಲಿ ಗೋಡೆಗೆ ಒರಗಿ ಮೂರು ನಿಮಿಷ ಕುಳಿತೆ, ಇನ್ನೂ ಒಂದು ನಿಮಿಷ ಕೂರಬಲ್ಲೆ ಎಂದೆ. ಜಾರುಹಲಗೆಯನ್ನು ತಳ್ಳುವಾಗ ಅದು ಹಗುರ ಅನಿಸಿತು. ಭಾರ ಹೇರುವುದು ಮರೆತಿರಾ ಎಂದು ಕೇಳಿಯೂಬಿಟ್ಟೆ. ಧಾರವಾಡದವನು ಗ್ಯಾಲರಿಯಲ್ಲಿ ಕುಳಿತು ನೋಡುತ್ತಿದ್ದ. ಪಾಸು ಎಂದಾಗ ಮೊದಲು ಚಪ್ಪಾಳೆ ತಟ್ಟಿದವನು ಅವನೇ, ಎದ್ದು ಹೋದವನೂ ಅವನೇ. ಮಾರನೇ ದಿನದಿಂದ ಕಾರು ಕೀಲಿಗೇ ಹೊರಟಿತು. ಬ್ಯಾಟರಿ ಹಾಕಿಸಿದೆ ಎಂದ. ಫೆಬ್ರವರಿಯಲ್ಲಿ ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟದ್ದೂ ಅದೇ ಕಾರು.

ಸ್ವೀಡನ್ನಿನಲ್ಲಿ ಬಂಡಿ ಸೊಂಟದವರೆಗಿನ ಹಿಮದಲ್ಲಿ ಹೂತಾಗ ನಾನು ಹಿಂದೆ ಹೋಗಿ, ಮಂಡಿ ಬಗ್ಗಿಸಿ, "ಐಸಾ" ಎಂದು ಹೆಗಲು ಕೊಟ್ಟೆ. ಎಲ್ಲಿ ತರಬೇತಿ ಆಯಿತು ಎಂದು ಅಲ್ಲಿನ ಮಾರ್ಗದರ್ಶಿ ಕೇಳಿದ. ಲಫ್‌ಬರೋದಲ್ಲಿ ಎಂದೆ. ಆ ಊರಿನ ಹೆಸರು ಕೇಳಿದ್ದ ಅವನು ಗೌರವದಿಂದ ತಲೆಯಾಡಿಸಿದ.

ಮುಂದಿನ ವರ್ಷ ಧಾರವಾಡದವನಿಗೆ ಕವೆಂಟ್ರಿಯಲ್ಲಿ ಕೆಲಸ ಸಿಕ್ಕಿತು, ಕಾರನ್ನು ನನಗೇ ಬಿಟ್ಟು ಹೋದ. ಅಲ್ಲಿ ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಎಂ.ಒ.ಟಿ. ತಪಾಸಣೆಗೆ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಬ್ಯಾಟರಿ ಐದು ವರ್ಷ ಹಳೆಯದಾದರೂ ಚೆನ್ನಾಗಿದೆ ಎಂದ. ಆಮೇಲೆ ಸ್ಟಾರ್ಟರಿಗೆ ಹೋಗುವ ಒಂದು ಸಣ್ಣ ತಂತಿಯನ್ನು ತೋರಿಸಿ, ಇದರ ಕೊಂಡಿ ಸವೆದಿದೆ, ಯಾರೋ ಇದನ್ನು ದಿನಾ ಕಿತ್ತು ಹಾಕಿ ಮಾಡಿದ ಹಾಗಿದೆ ಎಂದ. ನಾನು ಬಗ್ಗಿ ಆ ತಂತಿಯನ್ನು ಮುಟ್ಟಿ ನೋಡಿದೆ. ಅದನ್ನು ಕಿತ್ತರೆ ಕೀಲಿಗೆ ಕಾರು ಹೊರಡುವುದಿಲ್ಲ, ತಳ್ಳಿದರೆ ಹೊರಡುತ್ತದೆ. ಮೊದಲ ವರ್ಷದ ಹುಡುಗನಿಗೂ ಗೊತ್ತಿರುವ ಸಂಗತಿ.

ಆ ಭಾನುವಾರ ಅವನನ್ನು ಊಟಕ್ಕೆ ಕರೆದೆ. ಊಟವಾದ ಮೇಲೆ ಹೊರಗೆ ಕರೆದೊಯ್ದು ಬಾನೆಟ್ ಎತ್ತಿದೆ.

ಅವನು ತಂತಿ ನೋಡಿ ನಕ್ಕ. "ಗೊತ್ತಾತೇನು? ಭಾಳ ಲಗೂನ ಗೊತ್ತಾತು ಬಿಡು, ಬರೇ ಒಂದ್ ವರ್ಷ." ಮಂಗಳೂರಿನವನು ಮೊದಲ ವಾರವೇ ಸಹರಿಗೆ ಎದ್ದಾಗ ಇವನು ತಂತಿ ಕೀಳುವುದನ್ನು ಕಿಟಕಿಯಿಂದ ನೋಡಿಬಿಟ್ಟಿದ್ದನಂತೆ. "ನೀ ಜಿಮ್ಮಿಗೆ ಹೋಗೋ ಪೈಕಿ ಅಲ್ಲ. ಗಾಡಿ ದಬ್ಬಾಕ ಕರದ್ರ ಒಲ್ಲೆ ಅನ್ನೋ ಪೈಕೀನೂ ಅಲ್ಲ."

"ನಾನು ಫೇಲಾಗಿದ್ದರೆ ನೀನು ಹೋಗುತ್ತಿದ್ದೆಯಲ್ಲೋ."

ಅವನ ನಗು ಅಲ್ಲಿಗೆ ನಿಂತಿತು. ಆ ತಂತಿಯನ್ನು ಬೆರಳಿನಲ್ಲಿ ತಿರುವುತ್ತಾ, "ಹೌದು. ನನಗೂ ಹೋಗಬೇಕಂತ ಭಾಳ ಇತ್ತು," ಎಂದ. "ಅದಕ್ಕ ಮೂರು ದಿನ ತಂತಿ ಕೀಳಲಿಲ್ಲ ನಾನು. ಮಲಗಲಿ ಮಗ, ಮೈ ಸಡಲ್ ಬಿಡಲಿ ಅಂದೆ. ಆದ್ರ ನೀ ಮೂರೂ ದಿನ ಆ ಮಳ್ಯಾಗ ಬಂದು ನಿಂತು, ದಬ್ಬಬೇಕೇನು ಅಂತ ಕೇಳಿದಿ. ನಾ ಕರೀದನ ಬಂದಿ. ಇಂಥಾವನಿಗೆ ಹೆಂಗ ಮೋಸ ಮಾಡೂದಂತ ನಿದ್ದೀನ ಬರಲಿಲ್ಲ."

ನನಗೆ ನಾಚಿಕೆಯಾಯಿತು. ಸುಮ್ಮನಿದ್ದುಬಿಡಬಹುದಿತ್ತು, ಒಳ್ಳೆಯವನೆಂಬ ಹೆಸರು ಪುಕ್ಕಟೆ ಸಿಗುತ್ತಿತ್ತು. "ನಾನು ಬಂದದ್ದು ನಿನಗಾಗಿ ಅಲ್ಲ ಕಣೋ," ಎಂದೆ. "ತಳ್ಳುವುದು ಬೇಡ ಅಂತ ಖಾತ್ರಿ ಮಾಡಿಕೊಂಡು ಹೋಗಿ ನೆಮ್ಮದಿಯಾಗಿ ಮಲಗೋಣ ಅಂತ."

ಅವನು ನನ್ನ ಮುಖ ನೋಡುತ್ತಲೇ ತಂತಿಯನ್ನು ಇನ್ನೂ ಜೋರಾಗಿ ತಿರುವಿದ. ಅಷ್ಟರಲ್ಲಿ ತಿರುವಿ ತಿರುವಿ ಸವೆದ ಕೊಂಡಿ ಮುರಿದು ಅವನ ಕೈಗೇ ಬಂತು. ಅವನ ರೈಲಿಗೆ ಮುಕ್ಕಾಲು ಗಂಟೆ ಇತ್ತು, ಸ್ಟೇಷನ್ನಿಗೆ ಹೋಗಬೇಕಾದದ್ದು ಇದೇ ಕಾರಿನಲ್ಲಿ. ಅವನು ಕೊಂಡಿಯನ್ನು ಜೇಬಿಗೆ ಹಾಕಿಕೊಂಡು, ಬಾನೆಟ್ ಮುಚ್ಚಿ, ಡ್ರೈವರ್ ಸೀಟಿನಲ್ಲಿ ಕುಳಿತು, ಬಾಗಿಲು ಎಳೆದುಕೊಂಡ.

"ದಬ್ಬು," ಎಂದ.

ಮೂಲೆಗೆ ಹದಿನಾಲ್ಕು ಮನೆ. ಡಿಕ್ಕಿಯಲ್ಲಿ ಅಕ್ಕಿ ಇರಲಿಲ್ಲ, ಆದರೂ ಕಾರು ಎಂದೂ ಇಲ್ಲದಷ್ಟು ಭಾರವಾಗಿತ್ತು. ಬಗ್ಗಿ ನೋಡಿದೆ. ನನ್ನ ಮೂಗಿನ ಮುಂದೆ ಬ್ರೇಕ್ ದೀಪಗಳೆರಡೂ ಕೆಂಪಗೆ ಉರಿಯುತ್ತಿದ್ದವು. ಅವನು ಕಾಲನ್ನು ಮೆಲ್ಲಗೆ ಬ್ರೇಕಿನ ಮೇಲೆ ಇಟ್ಟೇ ಇದ್ದ. ನಾನು ಕಂಡೂ ಕಾಣದವನಂತೆ ಹೆಗಲು ಕೊಟ್ಟು, ಮೂಲೆಯವರೆಗೆ ತಳ್ಳಿದೆ.