ಅಪ್ಪ ಸೇದುತ್ತಿದ್ದ ನೀರು

ಮೂಡಲಗಿಯ ಹೊರಗೆ ನಮ್ಮ ಪ್ರಾರ್ಥನಾ ಮನೆ, ಅದರ ಹಿಂದೆ ಒಂದು ಬಾವಿ. ಬಾವಿಗೆ ಒಂದೇ ರಾಟೆ, ಒಂದೇ ಹಗ್ಗ. ಹಗ್ಗ ಹಿಡಿಯುವ ಕೈಯೂ ಒಂದೇ, ನಮ್ಮಪ್ಪನದು.

ಅಪ್ಪ ಸಭೆಯ ಹಿರಿಯ. ಪಾದ್ರಿಗಳು ತಿಂಗಳಿಗೊಮ್ಮೆ ಗೋಕಾಕದಿಂದ ಚಕ್ಕಡಿಯಲ್ಲಿ ಬಂದು ಹೋಗುವವರು. ಮಿಕ್ಕ ದಿನಗಳ ಪ್ರಾರ್ಥನೆ, ಮದುವೆಯ ಮಾತು, ಜಗಳದ ತೀರ್ಪು ಎಲ್ಲ ಅಪ್ಪನ ಪಾಲಿಗೆ. ಬೆಳಕು ಹರಿಯುತ್ತಲೇ ಹೆಂಗಸರು ತಂದಿಟ್ಟ ಕೊಡಗಳನ್ನು ತುಂಬಿಸಿಕೊಡುವುದೂ ಅವನ ಪಾಲಿಗೇ. ಪಾದ್ರಿಗಳಿಗೆ ಇದು ಬಲು ಇಷ್ಟ. ನಮ್ಮ ಸೀಮೆಯಲ್ಲಿ ಶಿಷ್ಯ ಗುರುವಿನ ಪಾದ ತೊಳೆಯುವುದು ರೂಢಿ. ಪಾದ್ರಿಗಳು ಶಾಸ್ತ್ರದಿಂದ ಓದುವ, ಗುರುವೇ ಬಗ್ಗಿ ಶಿಷ್ಯರ ಕಾಲು ತೊಳೆದ ಕಥೆ ಕೇಳಿದರೆ ಹೊಸದಾಗಿ ಸಭೆಗೆ ಸೇರಿದ ಹೆಂಗಸರು ಮುಜುಗರಪಟ್ಟು ಕಾಲುಗಳನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದರು. "ತಿಳೀಲಿಲ್ಲೇನು? ನಿಮ್ಮ ಹಿರ್ಯಾರನ್ನ ನೋಡ್ರಿ," ಎಂದು ಪಾದ್ರಿಗಳು ಅಪ್ಪನ ಕಡೆ ಕೈ ಮಾಡುತ್ತಿದ್ದರು. ಅಪ್ಪ ತಲೆ ತಗ್ಗಿಸುತ್ತಿದ್ದ.

ನನಗೆ ಇದು ಒಪ್ಪಿಗೆಯಾಗಲಿಲ್ಲ. ಬೆಳಗಾವಿಯ ಇಂಗ್ರೇಜಿ ಸಾಲೆಯಲ್ಲಿ ನಮಗೆ ವಾದ ಕಲಿಸಿದ ಮಾಸ್ತರರು, ಎದುರಾಳಿ ಹೇಳದೆ ಬಿಟ್ಟದ್ದನ್ನು ಹುಡುಕಿರಿ ಎನ್ನುತ್ತಿದ್ದರು. ಪಾದ್ರಿಗಳು ಹೇಳದೆ ಬಿಟ್ಟದ್ದು ಇಷ್ಟು: ಆ ಹಗ್ಗವನ್ನು ಬೇರೆ ಯಾರೂ ಯಾಕೆ ಮುಟ್ಟುವುದಿಲ್ಲ? ಸಭೆಯಲ್ಲಿ ಕೆಲವರು ಊರೊಳಗಿನವರು, ಒಕ್ಕಲುತನದ, ಕುರಿ ಸಾಕುವ ಮನೆಗಳಿಂದ ಬಂದವರು. ಉಳಿದವರು ಊರ ಹೊರಗಿನ ಕೇರಿಯವರು. ಎಲ್ಲರೂ ಒಂದೇ ಜಮಖಾನದ ಮೇಲೆ ಕೂತು ಹಾಡುತ್ತಿದ್ದರು. ಕೇರಿಯ ಕೈ ಸೇದಿದ ನೀರು ಮಾತ್ರ ಊರೊಳಗಿನವರ ಗಂಟಲಲ್ಲಿ ಇಳಿಯದು, ಕೇರಿಯವರು ಮುಟ್ಟುವ ಹಗ್ಗವನ್ನು ಅವರು ಹಿಡಿಯರು. ಅಪ್ಪ ಒಕ್ಕಲುತನದ ಮನೆಯವನು, ಅವನ ಕೈ ಎಲ್ಲರಿಗೂ ನಡೆಯುತ್ತಿತ್ತು.

ಬೇಸಿಗೆ ಸೂಟಿಗೆ ಬಂದವನು ಊಟಕ್ಕೆ ಕೂತಾಗ ಶುರು ಮಾಡಿದೆ.

"ಅಪ್ಪಾ, ನಾಳಿಂದ ನೀ ನೀರು ಸೇದಬ್ಯಾಡ."

"ಯಾಕೋ, ಬೆಳಗಾವಿಯಿಂದ ನಳಾ ತಂದೀಯೇನು?"

"ಚ್ಯಾಷ್ಟಿ ಬ್ಯಾಡ. ನಿನ್ನ ಕೈ ಯಾಕ ಎಲ್ಲಾರಿಗೂ ನಡೀತೈತಿ, ಹೇಳು. ಒಕ್ಕಲುತನದವರ ಮಗ ಅಂತ. ಇದಕ್ಕ ಸೇವಾ ಅಂತೀರಿ. ಖರೆ ಹೇಳಬೇಕಂದ್ರ ನೀ ಅವರ ಮಡಿ ಕಾಯಾಕತ್ತಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ತುತ್ತು ನುಂಗಿ, "ಗೊತ್ತೈತಿ," ಎಂದ.

ಎದುರಾಳಿ ಒಪ್ಪಿಕೊಂಡರೆ ವಾದಿಗೆ ಕಾಲೂರಲು ಜಾಗವೇ ಉಳಿಯುವುದಿಲ್ಲ. ನಾನು ಬಿಡಲಿಲ್ಲ.

"ಗೊತ್ತಿದ್ದೂ ಸುಮ್ಮನದೀಯಾ? ನೀ ಹಿರ್ಯಾ, ಹುಕುಂ ಮಾಡು."

"ಹುಕುಂ ಮಾಡಿ ಹಗ್ಗ ಹಿಡಿಸಬಹುದು. ಕುಡಿಸೋದು ಹ್ಯಾಂಗ? ಇವತ್ತ ಬಾವಿ ಬಿಡ್ತಾರ, ನಾಳೆ ಪ್ರಾರ್ಥನಾ ಬಿಡ್ತಾರ. ಕೂಡಿ ಕುಂತಾರ, ಕುಂದರ್ಲಿ. ಒಂದಿನ ತಾವ ಹಗ್ಗ ಹಿಡೀತಾರ."

"ನೀ ಸೇದೋತನಕ ಯಾಕ ಹಿಡಿದಾರು? ಇನ್ನೊಂದು ಕೇಳ್ತೇನಿ. ಎಲ್ಲಾರಿಗೂ ನೀ ನೀರು ಹಾಕ್ತಿ. ನೀ ಯಾರ ಕೈಯಾಗಿಂದು ಕುಡಿದೀ?"

ಅಪ್ಪ ತಾಟನ್ನು ಪಕ್ಕಕ್ಕೆ ಸರಿಸಿದ. ಕೈ ತೊಳೆದು ಎದ್ದುಹೋದ. "ಮಾತು ಕಲ್ತು ಬಂದಾನ," ಎಂದು ಅವ್ವ ನನ್ನ ತಾಟಿಗೆ ರೊಟ್ಟಿ ಎಸೆದಳು. "ಮಾತಿನಿಂದ ಕೊಡಾ ತುಂಬ್ತಾವೇನು?"

ಸೂಟಿ ಮುಗಿಯುವ ಮೊದಲೇ ಒಂದು ಮುಂಜಾನೆ ಅಪ್ಪ ಹಗ್ಗ ಹಿಡಿದವನು ಹಾಗೆಯೇ ಎದೆ ಒತ್ತಿಕೊಂಡು ಬಾವಿಯ ಕಟ್ಟೆಯ ಮೇಲೆ ಕುಸಿದ. ಗೋಕಾಕದ ಡಾಕ್ಟರು ಭಾರ ಎತ್ತಕೂಡದು ಎಂದರು. ರವಿವಾರ ಪ್ರಾರ್ಥನೆ ಮುಗಿದ ಮೇಲೆ ಅಪ್ಪ ಎದ್ದು ನಿಂತು, "ನನ್ನ ಎದಿ ಸೋತೈತಿ. ಇನ್ನ ನೀವ ಸೇದಿಕೊಳ್ರಿ," ಎಂದಷ್ಟೇ ಹೇಳಿ ಕೂತ. ಬಾವಿಯ ಪಕ್ಕದಲ್ಲೇ ಇದ್ದ ಮನೆಗೆ ಬಂದು, ರಾಟೆಯ ಸಪ್ಪಳ ಕೇಳುವ ಕಿಟಕಿಯ ಬಳಿ ಹೊರಸು ಹಾಕಿಸಿಕೊಂಡು ಮಲಗಿದ.

"ನೀ ಹಗ್ಗ ಮುಟ್ಟಬ್ಯಾಡ," ಎಂದ ನನಗೆ. "ನನ್ನ ಮಗಾ ಅಂತ ನಿನ್ನ ಕೈನೂ ನಡೀತೈತಿ."

ನನ್ನ ವಾದ ಅವನ ಬಾಯಿಂದ ಬಂದಾಗ ಗೆದ್ದೆನೆಂದು ಅನಿಸಲಿಲ್ಲ.

ಮರುದಿನ ಕೊಡಗಳು ಎಂದಿನಂತೆ ಸಾಲಾಗಿ ಬಂದು ಕೂತವು. ಹೆಂಗಸರೂ ಕೂತರು. ಯಾರೂ ಏಳಲಿಲ್ಲ. ನಾನು ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದೆ. "ಏನ್ರಿ ಸಣ್ಣ ಹಿರ್ಯಾರ, ಸಾಲಿ ಕಲ್ತ ಕೈಗೆ ಹಗ್ಗ ಚುಚ್ಚತೈತೇನ್ರಿ?" ಎಂದು ಒಬ್ಬಾಕೆ ಕೂಗಿದಳು. ಉಳಿದವರು ಸೆರಗಿನಲ್ಲಿ ನಕ್ಕರು. ಬಿಸಿಲು ಏರಿತು, ನಗೆ ನಿಂತಿತು.

ಕೊನೆಗೆ ಎಲ್ಲರೂ ಆಯಿ ಎಂದು ಕರೆಯುವ ಕೇರಿಯ ಮುದುಕಿ ಮೊಣಕಾಲು ಹಿಡಿದುಕೊಂಡು ಎದ್ದಳು. "ಮನ್ಯಾಗ ಸೊಸಿ ಬಾಣಂತಿ ಅದಾಳ. ನಿಮ್ಮ ಧ್ಯಾನ ಮುಗಿಯೋತನಕ ಕೂಸಿನ ಒಗಿಯೋ ಅರಿವಿ ಕಾಯ್ತಾವೇನ್ರವಾ?" ಎಂದು ಹಗ್ಗ ಹಿಡಿದಳು. ತನ್ನ ಕೊಡ ತುಂಬಿಕೊಂಡಳು. ಆಮೇಲೆ ಅಪ್ಪ ಮಾಡುತ್ತಿದ್ದ ಹಾಗೆಯೇ ಸಾಲಿನಲ್ಲಿದ್ದ ಉಳಿದ ಕೊಡಗಳಿಗೂ ಹಾಕುತ್ತ ಹೋದಳು.

ಒಳಗಿನಿಂದ ಅಪ್ಪನ ದನಿ: "ರಾಟಿ ತಿರುಗಾಕತ್ತೈತಲ್ಲೋ! ಯಾರ ಕೈ?"

"ಕೇರಿ ಆಯೀದು."

ಅಪ್ಪ ಮೊಣಕೈ ಊರಿ ಅರ್ಧ ಎದ್ದ. ಅವನ ಮುಖದಲ್ಲಿ ಅಂಥ ಬೆಳಕನ್ನು ಪ್ರಾರ್ಥನೆಯ ಹೊತ್ತಿನಲ್ಲೂ ನಾನು ಕಂಡಿರಲಿಲ್ಲ. ಅಷ್ಟರಲ್ಲಿ ಹೊರಗೆ ಹಾಸುಗಲ್ಲಿನ ಮೇಲೆ ನೀರು ಸುರಿದ ಸಪ್ಪಳ. ಊರೊಳಗಿನ ಒಬ್ಬಾಕೆ ಆಯಿ ತುಂಬಿಸಿದ ಕೊಡ ಬಗ್ಗಿಸಿದ್ದಳು. ಬೈಗುಳವಿಲ್ಲ, ಜಗಳವಿಲ್ಲ. ಇನ್ನೊಬ್ಬಾಕೆಯೂ ಬಗ್ಗಿಸಿದಳು. ಅದೇನೆಂದು ಅಪ್ಪ ನನ್ನನ್ನು ಕೇಳಲಿಲ್ಲ.

ಕಂಬಳಿ ಹೊದ್ದುಕೊಂಡು ಎದ್ದ. ನಾನು ಹಿಡಿಯಹೋದರೆ ಕೈ ಕೊಡವಿದ. ಗೋಡೆ ಹಿಡಿದು, ಕಂಬ ಹಿಡಿದು ಬಾವಿಯ ತನಕ ನಡೆದು, ಆಯಿಯ ಎದುರಿಗೆ ಬಗ್ಗಿ ಬೊಗಸೆ ಒಡ್ಡಿದ.

"ನೀರು ಹಾಕು ಯವ್ವಾ."

ಆಯಿ ಹಿಂದೆ ಸರಿದಳು. "ನಿಮಗ ನಾ ಹಾಕೋದೇನ್ರಿ ಯಪ್ಪಾ? ಬ್ಯಾಡ್ರಿ."

"ಇಷ್ಟು ವರ್ಷ ನಾ ನಿನಗ ಹಾಕಿಲ್ಲೇನು? ನಾ ಯಾವತ್ತೂ ಕೇಳಿಲ್ಲ. ಅದು ನನ್ನ ತಪ್ಪು. ಹಾಕು."

ಆಯಿ ಮುಟ್ಟದೆ ದೂರದಿಂದಲೇ ಹಾಕಿದ್ದರಿಂದ ಅರ್ಧ ನೀರು ಅಪ್ಪನ ಮೊಣಕೈಯಿಂದ ಇಳಿದುಹೋಯಿತು. ಉಳಿದದ್ದನ್ನು ಕುಡಿದು, "ಇನ್ನೊಂದೀಟು," ಎಂದು ಮತ್ತೆ ಬೊಗಸೆ ಒಡ್ಡಿದ. ಹೆಂಗಸರು ನೋಡುತ್ತ ನಿಂತಿದ್ದರು. ಕುರಿ ಸಾಕುವ ಮನೆಯ ಒಬ್ಬ ಸೊಸೆ ತನ್ನ ತುಂಬಿದ ಕೊಡವನ್ನು ಎತ್ತಿ, ಚೆಲ್ಲದೆ, ಟೊಂಕದ ಮೇಲಿಟ್ಟುಕೊಂಡು ನಡೆದಳು. ಊರೊಳಗಿನ ಉಳಿದವರು ಖಾಲಿ ಕೊಡಗಳೊಂದಿಗೆ ನಾಗನೂರಿನ ಹಾದಿಯ ಹೊಲದ ಬಾವಿಗೆ ಹೋದರು.

ಆ ಸಲದ ಜೋಳ ತೆನೆ ಹಿಡಿಯುವ ಮೊದಲೇ ಅಪ್ಪ ತೀರಿಕೊಂಡ. ಕುಣಿ ತೋಡುವಾಗ ಎಲ್ಲರ ಕೈಯೂ ಬಂತು. ಮಣ್ಣು ಹಾಕಿ ಬಂದು ಕೈ ತೊಳೆಯುವಾಗ ಮತ್ತೆ ಎರಡು ಗುಂಪು.

ಈಗ ಬಾವಿಗೆ ಎರಡು ರಾಟೆಗಳಿವೆ. ಎರಡನೆಯದನ್ನು ಊರೊಳಗಿನವರು ಹುಕ್ಕೇರಿಯ ಸಂತೆಯಿಂದ ತಂದು ಆಚೆ ಬದಿಗೆ ಕೂಡಿಸಿದರು. ಕುರಿ ಮನೆಯ ಆ ಸೊಸೆ ಮಾತ್ರ ಹಳೆಯದನ್ನು ಬಿಟ್ಟಿಲ್ಲ. ಪ್ರಾರ್ಥನೆಗೆ ಎಲ್ಲರೂ ಬರುತ್ತಾರೆ, ಅಪ್ಪ ಅಂಜಿದ ಹಾಗೆ ಯಾರೂ ಬಿಟ್ಟುಹೋಗಲಿಲ್ಲ. ಅದನ್ನು ಗೆಲುವೆನ್ನಬೇಕೋ ಏನೋ, ನನಗೆ ತಿಳಿಯದು. ಪಾದ್ರಿಗಳು ಅಪ್ಪನ ಸೇವೆಯ ಬಗ್ಗೆ ಇಂದಿಗೂ ಹೇಳುತ್ತಾರೆ. ಅವನು ಸೇದಿದ ಕಥೆ ಹೇಳುತ್ತಾರೆ, ಬೊಗಸೆ ಒಡ್ಡಿದ ಕಥೆ ಹೇಳುವುದಿಲ್ಲ.

ನಾನು ಈಗಲೂ ಪ್ರಾರ್ಥನೆ ಮಾಡುವವನಲ್ಲ. ಸೂಟಿಗೆ ಬಂದರೆ ಹಳೆಯ ರಾಟೆಯ ಬಳಿ ಹೋಗಿ ಆಯಿಯ ಮುಂದೆ ಬಗ್ಗುತ್ತೇನೆ. ಆಕೆಗೆ ಕಣ್ಣು ಮಂಜು. "ಯಾರಪಾ?" ಎಂದು ಪ್ರತಿಸಲವೂ ಕೇಳಿ, ಹಾಕುತ್ತಾಳೆ.

"ನಿಮ್ಮಪ್ಪ ಇನ್ನೊಂದೀಟು ಅಂದಿದ್ದ ನೋಡು," ಎನ್ನುತ್ತಾಳೆ.

ಆಚೆ ಬದಿಯಲ್ಲಿ ಇನ್ನೊಂದು ರಾಟೆ ತಿರುಗುತ್ತಿರುತ್ತದೆ.