ನೆಲಕ್ಕಿಳಿಯದ ಮಹಾರಾಣಿ

ಕನ್ನಡಿಯಣ್ಣ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಗಾಜು ಕೊಯ್ದು, ಅಂಚು ಉಜ್ಜಿ, ಚೌಕಟ್ಟು ಕೂರಿಸಿ ಕೊಡುವ ಕೆಲಸ ಅವನದು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ ಮತ್ತು ಅಡುಗೆಮನೆ, ಅಷ್ಟೇ ಅವನ ಸಾಮ್ರಾಜ್ಯ. ಹೆಂಡತಿ ಬೆಳಿಗ್ಗೆ ಬಟ್ಟೆ ಕಾರ್ಖಾನೆಗೆ ಹೊಲಿಯಲು ಹೋದರೆ ಬರುವುದು ಸಂಜೆಗೆ. ಅವನ ತಾಯಿಗೆ ಮಂಡಿನೋವು, ಕೂತಲ್ಲಿಂದ ಏಳಲಾರಳು; ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಹೀಗಾಗಿ ಹಗಲೆಲ್ಲ ಮಗಳನ್ನು ನೋಡಿಕೊಳ್ಳುವ ಭಾರ ಅಪ್ಪನ ಮೇಲೇ ಬಿತ್ತು. ಭಾರ ಅಂತ ನಾನು ಹೇಳುತ್ತಿದ್ದೇನೆ ಅಷ್ಟೆ. ಅವನ ಎದುರು ಆ ಮಾತು ಆಡಿದ್ದರೆ ನನ್ನನ್ನು ಅಂಗಡಿಯಿಂದ ಆಚೆ ಕಳಿಸುತ್ತಿದ್ದ.

ಗಾಜಿನ ಹಾಳೆಗಳು ತುಂಬಿಕೊಂಡು ಬಂದಿದ್ದ ದೊಡ್ಡ ಮರದ ಪೆಟ್ಟಿಗೆಯೇ ಅವಳ ತೊಟ್ಟಿಲು. ಅದನ್ನು ಉಜ್ಜಿ, ತೊಳೆದು, ಬಿಸಿಲಿಗಿಟ್ಟು, ಒಳಗೆ ಹಳೆಯ ರಜಾಯಿ ಹಾಸಿ, ಅಗಲವಾದ ಮೇಜೊಂದರ ಮೇಲೆ ಮೊಳೆ ಹೊಡೆದು ಕೂರಿಸಿದ್ದ. ಕೊಯ್ಯುವಾಗ ಚೂರು ಸಿಡಿದರೆ ತನಗೇ ಸಿಡಿಯಲಿ ಎಂದು ಮಗಳಿಗೆ ಬೆನ್ನು ಮಾಡಿ ಕೆಲಸಕ್ಕೆ ಕೂರುತ್ತಿದ್ದ. ಎದುರಿನ ಗೋಡೆಗೆ ಒರಗಿಸಿದ ಕನ್ನಡಿಗಳಿದ್ದವಲ್ಲ, ಉದ್ದನೆಯವು, ದುಂಡನೆಯವು, ಇನ್ನೂ ಚೌಕಟ್ಟಿಲ್ಲದವು, ಅವುಗಳಲ್ಲೆಲ್ಲ ಮಗಳೇ ಮಗಳು.

ಹಾಗಾಗಿ ಮಗಳ ಬೆಳವಣಿಗೆಯನ್ನೆಲ್ಲ ಅವನು ಕಂಡದ್ದು ಕನ್ನಡಿಯಲ್ಲೇ. ಕತ್ತು ನಿಂತದ್ದನ್ನು ಯಾವುದೋ ಬಟ್ಟೆ ಅಂಗಡಿಗೆಂದು ಮಾಡಿದ ನಿಲುವುಗನ್ನಡಿಯಲ್ಲಿ ಕಂಡ. ಮಗುಚಿಕೊಂಡು ಬೋರಲಾಗಿ, ತಲೆ ಎತ್ತಿ, ಇದೇನಿದು ಲೋಕವೇ ತಿರುಗಿತಲ್ಲ ಎಂಬಂತೆ ಸುತ್ತ ನೋಡಿದ್ದನ್ನು ಕ್ಷೌರದಂಗಡಿಗೆ ಹೋಗಬೇಕಿದ್ದ ಕನ್ನಡಿಯಲ್ಲಿ ಕಂಡ. ಆ ಕನ್ನಡಿಯನ್ನು ಕೊಡಲು ಅವನಿಗೆ ಮನಸ್ಸೇ ಬರಲಿಲ್ಲ. ಕ್ಷೌರಿಕ ಬಂದು ಕೇಳಿದಾಗಲೆಲ್ಲ ಅಂಚು ಇನ್ನೂ ಉಜ್ಜಬೇಕು ಎಂದು ಸಾಗಹಾಕುತ್ತಿದ್ದ.

ಮಧ್ಯಾಹ್ನ ಬೀದಿ ತೂಕಡಿಸುವ ಹೊತ್ತಿಗೆ ಬಿಸಿಲು ಬಾಗಿಲಲ್ಲಿ ಇಣುಕಿ, ಕನ್ನಡಿಯಿಂದ ಕನ್ನಡಿಗೆ ಹಾರಿ, ಸೂರಿನಲ್ಲಿ ಬೆಳಕಿನ ತುಂಡುಗಳಾಗಿ ಅಲ್ಲಾಡುತ್ತಿತ್ತು. ಮಗಳು ಎರಡೂ ಕೈ ಚಾಚಿ ಅವನ್ನು ಹಿಡಿಯಲು ಹೋಗುತ್ತಿದ್ದಳು. ಸಿಗದಿದ್ದರೆ ಬೇಸರವಿಲ್ಲ, ಮುಷ್ಟಿ ಬಿಚ್ಚಿ ಖಾಲಿ ಅಂಗೈ ನೋಡಿಕೊಂಡು ಕಿಲಕಿಲ ನಗುತ್ತಿದ್ದಳು. ಎಲ್ಲ ಕನ್ನಡಿಗಳಲ್ಲೂ ಅದೇ ನಗು. ಕಟರ್ ಕೈಯಲ್ಲೇ ಉಳಿದು, ಗಾಜು ಮೇಜಿನ ಮೇಲೇ ಉಳಿದು, ಕನ್ನಡಿಯಣ್ಣ ಮೈಮರೆತು ಕೂತುಬಿಡುತ್ತಿದ್ದ. ತಾನು ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ಅವನಿಗೇ ತಿಳಿಯುತ್ತಿರಲಿಲ್ಲ.

ಮಗಳೂ ಅವನನ್ನು ಕನ್ನಡಿಯಲ್ಲೇ ಹುಡುಕುತ್ತಿದ್ದಳು. ಹೊರಗೆ ಲಾರಿ ಹಾರನ್ ಹೊಡೆದರೆ ಬೆಚ್ಚಿ, ಮೊದಲು ಕನ್ನಡಿಯೊಳಗಿನ ಅಪ್ಪನ ಮುಖ ನೋಡುವಳು. ಅವನು ನಕ್ಕರೆ ಸರಿ, ಮತ್ತೆ ತನ್ನ ಮರದ ಗಿಲಕಿ ಚೀಪಲು ತೊಡಗುವಳು. ಅವನಿಗೆ ಅದೊಂದು ಹೆಮ್ಮೆ. ಹೆಂಡತಿ ಬರುವುದೇ ತಡ, ಚಪ್ಪಲಿ ಬಿಡುವ ಮೊದಲೇ ಅದನ್ನೆಲ್ಲ ಹೇಳಿ ಮುಗಿಸುತ್ತಿದ್ದ.

ಅಷ್ಟು ಮೆತ್ತಗಿನ ಮನುಷ್ಯನದು ಒಂದೇ ಒಂದು ಕಟ್ಟಪ್ಪಣೆ. ಮಗಳ ಕಾಲು ನೆಲಕ್ಕೆ ತಾಗಕೂಡದು. ಎಷ್ಟು ಗುಡಿಸಿದರೂ ಗಾಜಿನ ಪುಡಿ ಸಂದಿಯಲ್ಲಿ ಅಡಗಿ ಕೂತಿರುತ್ತದೆ ಎಂದು ಅವನ ಅಂಗಾಲು ಅಂಗೈಗಳಿಗೆ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆಯಿಂದ ಸೊಂಟಕ್ಕೆ, ಸೊಂಟದಿಂದ ಮಂಚಕ್ಕೆ, ಮಂಚದಿಂದ ಅಜ್ಜಿಯ ಮಡಿಲಿಗೆ, ಹೀಗೇ ಅವಳ ಸವಾರಿ. ಯಾರಾದರೂ ಮರೆತು ಇಳಿಸಲು ಬಗ್ಗಿದರೆ ಅವನ ಜೀವ ಬಾಯಿಗೆ ಬಂದು, ಓಡಿಹೋಗಿ ಕಸಿದುಕೊಳ್ಳುತ್ತಿದ್ದ. ಮಹಾರಾಣಿಗೆ ಪಲ್ಲಕ್ಕಿಯೊಂದು ಬಾಕಿ ಎಂದು ಅವನ ತಾಯಿ ಮೂಗು ಮುರಿದಳು. ಆ ಹೆಸರೇ ಉಳಿಯಿತು.

ಹೀಗಿರುವಾಗ ಎದುರಿನ ದರ್ಜಿಯ ಮಗ, ಇವಳಿಗಿಂತ ಚಿಕ್ಕವನು, ಗೋಡೆ ಹಿಡಿದು ನಡೆಯತೊಡಗಿದ. ಇವಳು ಅಂಬೆಗಾಲಿಡಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಹೆಂಡತಿಗೆ ಊಟಕ್ಕೆ ಕೂತರೆ ತುತ್ತು ಇಳಿಯದಾಯಿತು. ಕೊನೆಗೆ ಇಬ್ಬರೂ ಮಗಳನ್ನು ಎತ್ತಿಕೊಂಡು ಡಾಕ್ಟರಮ್ಮನ ಹತ್ತಿರ ಹೋದರು.

ಡಾಕ್ಟರಮ್ಮ ಮಂಡಿ ಮಡಿಸಿದಳು, ಬಿಡಿಸಿದಳು, ಅಂಗಾಲಿಗೆ ಕಚಗುಳಿ ಇಟ್ಟಳು. ನಿಲ್ಲಿಸಿ ನೋಡಿದರೆ ಮಗು ಎರಡೂ ಕಾಲನ್ನು ಮೇಲಕ್ಕೆಳೆದುಕೊಂಡು ಗಾಳಿಯಲ್ಲೇ ಕೂತಿತು.

"ಕಾಲಲ್ಲಿ ನನಗೇನೂ ದೋಷ ಕಾಣ್ತಿಲ್ಲ" ಎಂದಳು ಡಾಕ್ಟರಮ್ಮ. "ಮನೇಲಿ ನೆಲಕ್ಕೆ ಬಿಡ್ತೀರಾ?"

ಹೆಂಡತಿ ಗಂಡನ ಮುಖ ನೋಡಿದಳು. ಅವನು ಗೋಡೆ ನೋಡಿದ. ಸ್ವಲ್ಪ ದಿನ ನೆಲಕ್ಕೆ ಬಿಟ್ಟು ನೋಡಿ, ಆಗಲೂ ನಿಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಿ ಪರೀಕ್ಷೆ ಮಾಡಿಸಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿ ಕಳಿಸಿದಳು.

ಮಾರನೆಯ ದಿನವೇ ಅಂಗಡಿ ಮುಚ್ಚಿ, ಗಾಜನ್ನೆಲ್ಲ ಒಂದು ಮೂಲೆಗೆ ಸರಿಸಿ, ಹಲಗೆ ಅಡ್ಡ ಇಟ್ಟ. ಗುಡಿಸಿದ, ಒದ್ದೆ ಬಟ್ಟೆಯಲ್ಲಿ ಒರೆಸಿದ. ಹಿಟ್ಟು ಕಲಸಿ ಉಂಡೆ ಮಾಡಿ, ಕಣ್ಣಿಗೆ ಕಾಣದ ಪುಡಿ ಅದಕ್ಕೆ ಅಂಟಲಿ ಎಂದು ಅಂಗುಲ ಅಂಗುಲ ನೆಲಕ್ಕೆ ಒತ್ತಿದ. ತಾನೇ ಅಂಬೆಗಾಲಿಟ್ಟು ಅಂಗೈ ಸವರಿ ನೋಡಿದ. ಈ ಮನೇಲಿ ಮೊದಲು ಅಂಬೆಗಾಲಿಟ್ಟವನು ಅಪ್ಪ ಎಂದು ತಾಯಿ ಕೂತಲ್ಲಿಂದಲೇ ಬೀದಿಗೆಲ್ಲ ಕೇಳುವಂತೆ ಸಾರಿದಳು.

ಅಷ್ಟೆಲ್ಲ ಮಾಡಿ ಮಗಳನ್ನು ಇಳಿಸಿದರೆ ಅವಳು ಕಾಲೆತ್ತಿಬಿಟ್ಟಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಒಂದು ಸಂಜೆ ಹೆಂಡತಿ ಒಲೆಯ ಮುಂದೆ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಡಾಕ್ಟರಿಗೆ ಗೊತ್ತಾಗಿಲ್ಲ ರೀ. ಕಾಲಲ್ಲೇ ಏನೋ ಇದೆ" ಎಂದಳು.

ಮತ್ತೊಂದು ದಿನ ಮಗಳನ್ನು ಕಂಕುಳಲ್ಲಿ ಹಿಡಿದು ನಿಲುವುಗನ್ನಡಿಯ ಮುಂದೆ ಮೆಲ್ಲಗೆ ಇಳಿಸುತ್ತಿದ್ದ. ಹೆಬ್ಬೆರಳು ಇನ್ನೇನು ನೆಲಕ್ಕೆ ತಾಗಬೇಕು, ಅವಳು ತಲೆ ಎತ್ತಿ ಕನ್ನಡಿ ನೋಡಿದಳು. ಅವಳು ನೋಡಿದ ಕಡೆ ಅವನೂ ನೋಡಿದ. ಅಲ್ಲೊಬ್ಬ ನಿಂತಿದ್ದ. ಕಣ್ಣು ಅಗಲವಾಗಿ, ಹಲ್ಲು ಕಚ್ಚಿ, ಮನೆಗೆ ಬೆಂಕಿ ಬಿದ್ದದ್ದನ್ನು ನೋಡುತ್ತಿರುವವನ ಮುಖ. ಅದು ತನ್ನದೇ ಎಂದು ತಿಳಿಯಲು ಅವನಿಗೆ ಕ್ಷಣ ಹಿಡಿಯಿತು. ಅಷ್ಟರಲ್ಲಿ ಮಗಳು ಕಾಲು ಮಡಚಿದ್ದಳು.

ಅವಳು ಹೆದರಿದ್ದು ನೆಲಕ್ಕಲ್ಲ. ಅಪ್ಪನ ಮುಖ ನೋಡಿ, ನೆಲ ಕೆಟ್ಟದ್ದು ಎಂದು ಕಲಿತಿದ್ದಳು. ಕನ್ನಡಿ ಮಾರುತ್ತಲೇ ತಲೆ ನೆರೆಯುತ್ತಿದ್ದ ಮನುಷ್ಯ, ಎಂದಾದರೂ ತನ್ನ ಮುಖ ನೋಡಿಕೊಂಡಿದ್ದರೆ ತಾನೆ! ಆ ರಾತ್ರಿ ಹೆಂಡತಿಗೆ ಎಲ್ಲ ಹೇಳಿದ. ಅವಳಿಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು.

ಆಮೇಲೆ ನಗುವ ಅಭ್ಯಾಸ ಶುರುವಾಯಿತು. ಮಗಳನ್ನು ಇಳಿಸುವಾಗ ಬಾಯಿ ಅಗಲಿಸಿ ಹಲ್ಲು ಕಿರಿಯುವನು. ಈ ನಗು ಯಾರ ಹತ್ತಿರ ಬಾಡಿಗೆಗೆ ತಂದದ್ದು ಎಂದು ಹೆಂಡತಿ ಕೇಳಿದಳು. ಮಗಳೂ ಮೋಸ ಹೋಗಲಿಲ್ಲ. ಆ ಹಲ್ಲುಗಳನ್ನು ಒಂದು ಗಳಿಗೆ ನೋಡಿ, ಕಾಲೆತ್ತಿಬಿಡುವಳು.

ಹೆಂಡತಿಗೆ ರಜೆಯಿದ್ದ ಒಂದು ಮಧ್ಯಾಹ್ನ ಕ್ಷೌರಿಕ ಮತ್ತೆ ಬಂದು ಬಾಗಿಲಲ್ಲಿ ನಿಂತ. ಮಗಳನ್ನು ಚಾಪೆಯ ಮೇಲೆ ಮೇಜಿನ ಕಾಲಿಗೆ ಒರಗಿಸಿ ಕೂರಿಸಿ ಕನ್ನಡಿಯಣ್ಣ ಚೌಕಟ್ಟು ಕೂರಿಸುತ್ತಿದ್ದ. ನನ್ನ ಕನ್ನಡಿ ಯಾವಾಗ ಎಂದು ಕ್ಷೌರಿಕ ಕೇಳಿದ್ದಕ್ಕೆ ಅಜ್ಜಿಯೇ ಉತ್ತರ ಕೊಟ್ಟಳು. "ಅದು ಬರೋ ಹೊತ್ತಿಗೆ ನಿನ್ನ ಗಿರಾಕಿಗಳ ತಲೇಲಿ ಕೂದಲೇ ಇರಲ್ಲ ಬಿಡಪ್ಪ." ಕನ್ನಡಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಕನ್ನಡಿ ನೋಡಿದ. ಅಲ್ಲಿ ಮಗಳು ಅವನ ನಗು ನೋಡುತ್ತಾ, ತಾನೂ ನಗುತ್ತಾ, ಮೇಜಿನ ಕಾಲು ಹಿಡಿದು ನಿಂತಿದ್ದಳು.

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಬಾಯಿಗೆ ಕೈ ಇಟ್ಟುಕೊಂಡಳು. ಕ್ಷೌರಿಕ ಉಸಿರು ಬಿಗಿಹಿಡಿದ. ಕನ್ನಡಿಯಣ್ಣ ಮೆಲ್ಲಗೆ ತಿರುಗಿದ, ಮಂಡಿಯೂರಿ ಕೂತು ಎರಡೂ ಕೈ ಚಾಚಿದ. ಮಗಳು ಮೇಜು ಬಿಟ್ಟಳು. ಚಾಪೆ ದಾಟಿ ಬರಿ ನೆಲಕ್ಕೆ ಒಂದು ಹೆಜ್ಜೆ ಇಟ್ಟಳು, ತೂಗಾಡಿ ಇನ್ನೊಂದು. ಬಿಸಿಲು, ಕನ್ನಡಿಗಳು, ಅವಳು, ಎಲ್ಲವೂ ನೀರಿನೊಳಗೆ ಇದ್ದಂತೆ ನಿಧಾನವಾಗಿ ಅವನ ಕಡೆ ಬರುತ್ತಿದ್ದವು.

ನಡುದಾರಿಯಲ್ಲಿ ಅವಳು ತಟ್ಟನೆ ನಿಂತಳು. ಒಂದು ಕಾಲನ್ನು ತುಸು ಎತ್ತಿದಳು. ತುಟಿ ಸಣ್ಣಗೆ ನಡುಗಿತು. ಅವಳು ಕಾಲಿಟ್ಟಿದ್ದ ಜಾಗದಲ್ಲಿ ಸಾಸಿವೆಯಷ್ಟು ಕೆಂಪು.

ಮಗಳು ತಲೆ ಎತ್ತಿ ಅವನ ಮುಖ ನೋಡಿದಳು. ಇದು ಅಳಬೇಕಾದದ್ದೇ, ಅಲ್ಲವೇ, ನೀನೇ ಹೇಳು ಎಂದು ಕೇಳುವ ನೋಟ.

ಅವನು ನಕ್ಕ. ಎದ್ದು ಓಡಬೇಕೆನ್ನುವ ಕಾಲುಗಳನ್ನು ನೆಲಕ್ಕೆ ಒತ್ತಿ ಹಿಡಿದು, ಕಣ್ಣು ಕದಲಿಸದೆ ನಕ್ಕ. "ಬಾ ಮಗಳೇ" ಎಂದ. ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಎತ್ತಿದ್ದ ಅದೇ ಕಾಲನ್ನು ಕೆಳಗಿಟ್ಟು, ಹೆಜ್ಜೆ ಹಾಕಿ, ಅವನ ಎದೆಗೆ ಬಂದು ಬಿದ್ದಳು.

ಅವನು ಅವಳ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡ, ಯಾವ ಕನ್ನಡಿಯಲ್ಲೂ ತನ್ನ ಮುಖ ಅವಳಿಗೆ ಕಾಣದ ಹಾಗೆ. ಆಮೇಲೆ ಅತ್ತ.