ಶಾಗ್ಯದಲ್ಲಿ ಬಿಟ್ಟುಬಂದ ಗಡಿಯಾರ

೧೯೫೩ರಲ್ಲಿ ನನ್ನನ್ನು ಹೆರಿಗೆ ನರ್ಸ್ ಆಗಿ ಕೊಳ್ಳೇಗಾಲಕ್ಕೆ ಹಾಕಿದರು. ಆಗ ಕೊಳ್ಳೇಗಾಲ ಮದ್ರಾಸ್ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಾನು ಪುತ್ತೂರಿನ ಕಡೆಯವಳು. ನಮ್ಮ ಜಿಲ್ಲೆಯೂ ಮದ್ರಾಸಿನದೇ. ಕನ್ನಡ ಬಲ್ಲವಳೊಬ್ಬಳು ಬೇಕೆಂದು ಮೇಲಿನವರು ಹುಡುಕಿದಾಗ ನನ್ನ ಹೆಸರು ಕೈಗೆ ಸಿಕ್ಕಿತು, ಅಷ್ಟೇ. ಹೊರಡುವ ದಿನ ಅಮ್ಮ, “ಅದು ಯಾವ ದೇಶ ಮಗಾ?” ಎಂದು ಕೇಳಿದ್ದರು. ನಾನು ನಕ್ಕುಬಿಟ್ಟಿದ್ದೆ. ಬಂದು ಇಳಿದ ಮೇಲೆ ಅಮ್ಮ ಕೇಳಿದ್ದೇ ಸರಿ ಅನ್ನಿಸಿತು. ಕುಚ್ಚಲಕ್ಕಿ ಗಂಜಿ ಬಿಟ್ಟು ರಾಗಿ ಮುದ್ದೆ ನುಂಗುವುದನ್ನು ಕಲಿಯಬೇಕಾಯಿತು. ಕಚೇರಿಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಆ ಕನ್ನಡವೂ ಮೊದಲ ತಿಂಗಳು ನನಗೆ ಅರ್ಧಂಬರ್ಧ. ನನ್ನ ಕನ್ನಡವಂತೂ ಅವರಿಗೆ ನಗೆಪಾಟಲು. “ನರ್ಸಮ್ಮ ಮಾತಾಡುದ್ರೆ ನಾಟ್ಕ ನೋಡ್ದಂಗಾಯ್ತದೆ ಕಣ್ರಿ” ಎಂದು ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ನನ್ನದು ಕುಳಿತು ಮಾಡುವ ಕೆಲಸವಲ್ಲ. ವಾರದ ಹೆಚ್ಚಿನ ದಿನ ‘ಕ್ಯಾಂಪ್’, ಅಂದರೆ ಹಳ್ಳಿ ಸುತ್ತುವುದು. ಹನೂರಿನ ಬಸ್ಸು ಹತ್ತಿ, ನಡುದಾರಿಯಲ್ಲಿ ಎಲ್ಲೋ ಇಳಿದು, ಮುಂದೆ ಒಬ್ಬಳೇ ನಡೆಯುವುದು. ಕೈಯಲ್ಲಿ ‘ಡೆಲಿವರಿ ಕಿಟ್’ ಎಂಬ ಚರ್ಮದ ಪೆಟ್ಟಿಗೆ. ಅದರೊಳಗೆ ಕತ್ತರಿ, ಹೊಕ್ಕುಳು ಕಟ್ಟುವ ದಾರ, ಸ್ಪಿರಿಟ್ಟಿನ ಸೀಸೆ, ಮಗುವಿನ ಬಾಯಿಯ ಲೋಳೆ ಎಳೆಯುವ ರಬ್ಬರ್ ಕೊಳವೆ. ಎಡಗೈಯಲ್ಲಿ ಗಡಿಯಾರ. ತರಬೇತಿ ಮುಗಿಸಿದಾಗ ಅಣ್ಣ ಕೊಡಿಸಿದ್ದು, ಸೆಕೆಂಡಿನ ಮುಳ್ಳು ಇದ್ದದ್ದು. ನಾಡಿ ಎಣಿಸುವವಳಿಗೆ ಆ ಮುಳ್ಳಿಲ್ಲದಿದ್ದರೆ ಕಣ್ಣಿಲ್ಲದ ಹಾಗೆ. ದಿನಾ ಬೆಳಿಗ್ಗೆ ಅದಕ್ಕೆ ಕೀ ಕೊಡಬೇಕು. ಒಂದು ದಿನ ಮರೆತರೆ ಮರುದಿನಕ್ಕೆ ನಿಂತುಹೋಗುತ್ತಿತ್ತು.

ಒಂಟಿ ಹೆಂಗಸು ಪೆಟ್ಟಿಗೆ ಹಿಡಿದು ನಡೆಯುವುದು ಆ ಕಡೆಯವರಿಗೆ ಹೊಸತು. “ನಿಮ್ ಯಜಮಾನ್ರು ಇಂದ್ಗಡೆ ಬತ್ತಾವ್ರಾ?” ಎಂದು ದಾರಿಯಲ್ಲಿ ಎದುರಾದವರೆಲ್ಲ ಕೇಳುವವರೇ. “ಇನ್ನೂ ಹುಟ್ಟಿಲ್ಲ” ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. ಒಳಗೆ ಇದ್ದ ಹೆದರಿಕೆಯನ್ನು ಆ ಬಾಯಿಯಿಂದಲೇ ಮುಚ್ಚಿಡುತ್ತಿದ್ದೆ ಎಂದು ಈಗ ಗೊತ್ತಾಗುತ್ತದೆ.

ಭಾನುವಾರ ಮಾತ್ರ ನನ್ನದು. ಕೋಣೆಯಲ್ಲಿ ಕುಳಿತರೆ ಊರಿನ ನೆನಪು ಬಂದು ಅಳು ಬರುತ್ತಿತ್ತು, ಅದಕ್ಕೆ ಬಸ್ಸು ಹತ್ತಿ ಯಳಂದೂರಿಗೆ ಹೋಗಿಬಿಡುತ್ತಿದ್ದೆ. ಯಳಂದೂರು ಮೈಸೂರು ಸೀಮೆ. ಅರ್ಧ ದಾರಿಯಲ್ಲಿ ಸರ್ಕಾರವೇ ಬದಲಾಗುತ್ತಿತ್ತು! ಹೊನ್ನುಹೊಳೆಯ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂರುವುದು, ಬಳೆ ಮಂಟಪದ ಕಲ್ಲಿನ ಸರಪಳಿ ನೋಡುವುದು, ಒಂದು ಲೋಟ ಕಾಫಿ ಕುಡಿಯುವುದು, ಸಂಜೆಗೆ ಹಿಂತಿರುಗುವುದು. ಮದ್ರಾಸಿನಲ್ಲಿ ಪಾನನಿಷೇಧ ಇದ್ದದ್ದರಿಂದ ಬರುವಾಗ ಗಡಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಚೀಲ ಮೂಸುತ್ತಿದ್ದರು. ಒಮ್ಮೆ ನನ್ನ ಕೈಚೀಲದಲ್ಲೇ ಉಳಿದುಹೋಗಿದ್ದ ಕಿಟ್ಟಿನ ಸ್ಪಿರಿಟ್ ಸೀಸೆ ತೆಗೆದು ಮೂಸಿದ ಪೇದೆಯೊಬ್ಬ ಕಣ್ಣಲ್ಲಿ ನೀರು ಬರಿಸಿಕೊಂಡ. “ಕುಡಿದು ನೋಡಿ ಮಾರಾಯ್ರೇ, ಆಮೇಲೆ ನನ್ನ ಹೆರಿಗೆ ಕೇಂದ್ರಕ್ಕೇ ಬರಬೇಕಾಗ್ತದೆ” ಎಂದೆ. ಬಸ್ಸೆಲ್ಲ ನಕ್ಕಿತು. ಆ ಭಾನುವಾರಗಳು ನನ್ನನ್ನು ಉಳಿಸಿದವು.

ನಾನು ಬಂದು ಐದನೆಯ ತಿಂಗಳು. ಒಂದು ಶನಿವಾರ ಮಧ್ಯಾಹ್ನ ಹನೂರಿನ ಕಡೆಯ ಶಾಗ್ಯ ಎಂಬ ಹಳ್ಳಿಯಿಂದ ಕರೆ ಬಂತು. ಚಿಕ್ಕತಾಯಮ್ಮ ಎಂಬಾಕೆಯ ಮಗಳು ಮಾದೇವಿ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ಎರಡು ಕೂಸುಗಳೂ ಉಸಿರೇ ಎಳೆಯದೆ ಹೋಗಿದ್ದವಂತೆ. ನಾನು ಹೋದಾಗ ಕತ್ತಲು ಕೋಣೆಯ ತುಂಬ ನೆರೆಮನೆಯ ಹೆಂಗಸರು. ಎಲ್ಲರನ್ನೂ ಗದರಿ ಹೊರಗೆ ಕಳಿಸಿದೆ. ದೀಪ ಹಿಡಿಯಲು ಚಿಕ್ಕತಾಯಮ್ಮನೊಬ್ಬಳನ್ನು ಉಳಿಸಿಕೊಂಡೆ. ಅವಳು ಮಗಳ ಮುಖವನ್ನೇ ನೋಡುತ್ತ ದೀಪವನ್ನು ಓರೆಯಾಗಿ ಹಿಡಿದಳು. ಅದಕ್ಕೂ ಬೈದೆ.

ಗಂಡು ಮಗು ಹುಟ್ಟಿತು. ಅಳಲಿಲ್ಲ. ಮೈ ನೀಲಿ. ಬಾಯಿಯ ಲೋಳೆ ಎಳೆದೆ, ಬೆನ್ನು ತಿಕ್ಕಿದೆ, ಅಂಗಾಲು ತಟ್ಟಿದೆ. ಆ ಕಡೆ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುತ್ತಾರೆ. ಕೈ ತೊಳೆಯಲು ಬಿಚ್ಚಿಟ್ಟಿದ್ದ ಗಡಿಯಾರವನ್ನು ಮೊರದಲ್ಲಿ, ಮಗುವಿನ ತಲೆಯ ಪಕ್ಕದಲ್ಲೇ ಇಟ್ಟುಕೊಂಡು, ಎರಡು ಬೆರಳು ಎದೆಯ ಮೇಲಿಟ್ಟು ಬಡಿತ ಎಣಿಸತೊಡಗಿದೆ. ಬಡಿತ ಇತ್ತು, ಉಸಿರಿರಲಿಲ್ಲ. ಆ ನಿಶ್ಶಬ್ದದಲ್ಲಿ ಗಡಿಯಾರದ ಸದ್ದೊಂದೇ.

“ಅದ್ಯಾನವ್ವ, ಟಿಕ್ ಟಿಕ್ ಅಂತದೆ?” ಎಂದಳು ಚಿಕ್ಕತಾಯಮ್ಮ.

“ಸುಮ್ಮನಿರಿ!” ಎಂದೆ.

ಮತ್ತೆ ಬೆನ್ನು ತಿಕ್ಕಿದೆ. ಮಗು ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ಆಮೇಲೆ ಊರಿಗೇ ಕೇಳುವಂತೆ ಕಿರುಚಿತು. ಮಾದೇವಿ ಅಳುತ್ತ ನಕ್ಕಳು. ನಾನೂ ಗೋಡೆಗೆ ಒರಗಿ ಕುಳಿತುಬಿಟ್ಟೆ. ಚಿಕ್ಕತಾಯಮ್ಮ ಮಾತ್ರ ಮೊರದ ಮುಂದೆ ಕೈ ಮುಗಿದು ಕೂತವಳು ಕದಲಲಿಲ್ಲ. ಹೊರಗೆ ಯಾರೋ ಬಸ್ಸಿನ ಹೊತ್ತಾಯಿತು ಎಂದರು. ಪೆಟ್ಟಿಗೆಗೆ ಸಿಕ್ಕಿದ್ದನ್ನು ತುಂಬಿಕೊಂಡು ಓಡಿದೆ.

ಮರುದಿನ ದಣಿವಿನಲ್ಲಿ ತಡವಾಗಿ ಎದ್ದು, ಗಡಿಯಾರಕ್ಕೆ ಕೀ ಕೊಡುವುದರ ನೆನಪೂ ಇಲ್ಲದೆ ಬಸ್ಸು ಹತ್ತಿದ್ದೆ. ಯಳಂದೂರಿನ ಬಳೆ ಮಂಟಪದ ಕೆಳಗೆ ನಿಂತು, ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ಕೈ ನೋಡಿಕೊಂಡರೆ ಗಡಿಯಾರವಿಲ್ಲ. ಅದರ ಪಟ್ಟಿ ಇದ್ದಲ್ಲಿ ಬೆಳ್ಳಗಿನ ಗುರುತೊಂದೇ ಇತ್ತು. ಮೊರದಲ್ಲಿಟ್ಟದ್ದು ಕೂಡಲೇ ನೆನಪಾಯಿತು. ಮರೆತು ಬಂದೆ ಎಂದು ಮನಸ್ಸು ಹೇಳಬೇಕಿತ್ತು. ಅದು ಹೇಳಿದ್ದು, ಎತ್ತಿಟ್ಟುಕೊಂಡರು ಎಂದು. ನಾನು ಓಡುವಾಗ ಯಾರಾದರೂ ಕೂಗಿ ಕೊಡಬಹುದಿತ್ತಲ್ಲ? ನಮ್ಮ ಕಡೆಯಾಗಿದ್ದರೆ ಹೀಗಾಗುತ್ತಿತ್ತೇ? ಅಂದು ಹೊಳೆಯ ದಂಡೆಗೂ ಹೋಗಲಿಲ್ಲ, ಕಾಫಿಯೂ ರುಚಿಸಲಿಲ್ಲ. ಐದು ತಿಂಗಳು ಅನ್ನ ಹಾಕಿದ ಸೀಮೆಯನ್ನು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಸೋಮವಾರ ಬೆಳಿಗ್ಗೆಯೇ ಶಾಗ್ಯಕ್ಕೆ ಹೋದೆ. ಮಗು ಚೆನ್ನಾಗಿತ್ತು, ಹಾಲು ಕುಡಿಯುತ್ತಿತ್ತು. ಗಡಿಯಾರ ಕೇಳಿದೆ. ಮಾದೇವಿ ಗೋಡೆಯ ಕಡೆ ಮುಖ ತಿರುಗಿಸಿದಳು. ಚಿಕ್ಕತಾಯಮ್ಮ ನನ್ನ ಕಣ್ಣು ನೋಡದೆ, “ಇಲ್ಲ ಕಣವ್ವ, ನೀನೇ ತಕಂಡೋದ್ಯಲ್ಲ” ಎಂದಳು.

ನೇರವಾಗಿ ಊರ ಯಜಮಾನರಾದ ಶಿವಮಲ್ಲಪ್ಪನವರ ಮನೆಗೆ ನಡೆದೆ. ಹಣೆ ತುಂಬ ವಿಭೂತಿ, ನಿಧಾನದ ಮಾತು. ಹೆರಿಗೆಮನೆಯಲ್ಲಿ ಗಡಿಯಾರ ಕಳೆಯಿತು, ಸಿಗದಿದ್ದರೆ ಠಾಣೆಗೆ ಹೇಳುತ್ತೇನೆ ಎಂದೆ. ಅವರು ನನಗೆ ಕೂರಲು ಮಣೆ ಹಾಕಿಸಿದರು.

“ಠಾಣೆಗೆ ಬ್ಯಾಡ ತಾಯಿ. ಪೊಲೀಸ್ನೋರು ಬಂದ್ರೆ ವಸ್ತು ಸಿಕ್ಬೋದು, ಮಾನ ಓಯ್ತದೆ. ಅಡ್ಕೆಗೋದ ಮಾನ ಆನೆ ಕೊಟ್ರೂ ಬರಾಕಿಲ್ಲ. ಬೈಗಿನ ತಂಕ ತಡ್ಕಳಿ. ನಮ್ದೊಂದು ಪದ್ಧತಿ ಅದೆ.”

ಆ ಪದ್ಧತಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಊರಲ್ಲಿ ಏನಾದರೂ ಕಳುವಾದರೆ ಮನೆಗೊಂದರಂತೆ ಸಗಣಿ ಉಂಡೆ ತಂದು ಚಾವಡಿಯ ಮುಂದೆ ಇಡಬೇಕು. ಯಜಮಾನರ ಮನೆಯದೂ ಸೇರಿ. ತೆಗೆದವರು ವಸ್ತುವನ್ನು ತಮ್ಮ ಉಂಡೆಯೊಳಗೆ ಮುಚ್ಚಿ ತಂದಿಡುತ್ತಾರೆ. ಇಡುವಾಗ ಯಾರೂ ಯಾರ ಕೈಯನ್ನೂ ನೋಡಬಾರದು. ಎಲ್ಲ ಉಂಡೆ ರಾಶಿಯಾದ ಮೇಲೆ ಒಡೆದು ನೋಡುವುದು. ವಸ್ತು ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಯಾರದು ಎಂದು ಯಾರೂ ಕೇಳುವಂತಿಲ್ಲ. ಪೊಲೀಸು, ಕೋರ್ಟು ಮಾಡಲಾಗದ ಕೆಲಸವನ್ನು ಒಂದು ಹಿಡಿ ಸಗಣಿ ಮಾಡುತ್ತದಲ್ಲ ಎಂದು ಆಶ್ಚರ್ಯವಾಯಿತು.

ಸಂಜೆ, ಇನ್ನೂ ಬೆಳಕಿರುವಾಗಲೇ, ಊರವರು ಒಬ್ಬೊಬ್ಬರಾಗಿ ಬಂದರು. ನನ್ನನ್ನು ಚಾವಡಿಯ ಕಟ್ಟೆಯ ಮೇಲೆ, ರಾಶಿಗೆ ಬೆನ್ನು ಮಾಡಿ ಕೂರಿಸಿದ್ದರು. ಹೊಲದಿಂದ ಬಂದವರು, ಬಸುರಿಯರು, ಕೋಲೂರುವ ಮುದುಕರು, ನನ್ನ ಒಂದು ಗಡಿಯಾರಕ್ಕಾಗಿ ಇಡೀ ಊರು ಸಗಣಿ ಹಿಡಿದು ಸಾಲಾಗಿ ಬರುವ ಹೆಜ್ಜೆಯ ಸದ್ದು ಬೆನ್ನಿಗೆ ಕೇಳುತ್ತಿತ್ತು. ಆಗಲೇ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು. ಬೇಡ, ನಿಲ್ಲಿಸಿ ಎಂದು ಹೇಳಬೇಕೆನಿಸಿತು. ಹೇಳುವುದು ಹೇಗೆ ಎಂದು ತಿಳಿಯಲಿಲ್ಲ.

ಶಿವಮಲ್ಲಪ್ಪನವರು ತಾವೇ ಕೂತು ಒಂದೊಂದೇ ಉಂಡೆ ಒಡೆದರು. ಒಂದರೊಳಗೆ ಹರಳೆಲೆಯಲ್ಲಿ ಸುತ್ತಿ ನೂಲು ಕಟ್ಟಿದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ನನ್ನ ಗಡಿಯಾರ. ಒಂದಿಷ್ಟೂ ಸಗಣಿ ತಾಗದ ಹಾಗೆ ಜೋಪಾನವಾಗಿ ಸುತ್ತಿದ್ದರು.

“ತಕೊ ತಾಯಿ. ನಿನ್ ವಸ್ತು ನಿನ್ ಕೈ ಸೇರ್ತು. ಊರಿನ್ ಮಾನ ಊರ್ನಾಗೇ ಉಳೀತು.”

ಜನರೆಲ್ಲ ಹಗುರಾಗಿ ಉಸಿರು ಬಿಟ್ಟರು. ಗಡಿಯಾರ ನಿಂತಿತ್ತು. ಶನಿವಾರ ಬೆಳಿಗ್ಗೆ ಕೊಟ್ಟ ಕೀ ಅದು, ನಿಲ್ಲದೆ ಇನ್ನೇನು? ಅಭ್ಯಾಸಬಲದಿಂದ ಅಲ್ಲೇ ಕೀ ತಿರುಗಿಸಿ, ಓಡುತ್ತದೋ ಇಲ್ಲವೋ ಎಂದು ಕಿವಿಗೆ ಹಿಡಿದೆ. ಓಡಿತು. “ಹಾಂ, ಶುರುವಾಯ್ತು” ಎಂದೆ.

ಹೆಂಗಸರ ಗುಂಪಿನಿಂದ ಒಂದು ಕೂಗು ಎದ್ದಿತು. “ಬದುಕ್ತು! ನಮ್ಮಪ್ಪಾ ಮಾದಪ್ಪಾ, ನನ್ ಕೂಸು ಬದುಕ್ತು!”

ಚಿಕ್ಕತಾಯಮ್ಮ. ಜನರನ್ನು ತಳ್ಳಿಕೊಂಡು ಬಂದು ನನ್ನ ಕೈ ಹಿಡಿದು ಗಡಿಯಾರವನ್ನು ತನ್ನ ಕಿವಿಗೆ ಒತ್ತಿಕೊಂಡಳು. “ನಿನ್ನೆ ಬೈಗ್ನಲ್ಲಿ ಇದ್ರ ಉಸ್ರು ನಿಂತೋಯ್ತು ಕಣವ್ವ. ನಾನೂ ಮಾದೇವೀನೂ ರೆಪ್ಪೆ ಮುಚ್ನಿಲ್ಲ. ಕೂಸಿಂದೂ ಈಗ ನಿಂತದೋ, ಇನ್ನೊಸಿ ಒತ್ತಿಗೆ ನಿಂತದೋ ಅಂತ ಮೂಗ್ನತ್ರ ಕೈ ಇಟ್ಕಂಡೇ ಕೂತಿದ್ವಿ. ಇದ ಓಡ್ಸಾಕೆ ನಿನ್ಗೊಬ್ಳಿಗೇ ಗೊತ್ತು ಅಂತ...”

ಅಷ್ಟು ಹೇಳಿದ ಮೇಲೆ ಅವಳಿಗೆ ತಾನೆಲ್ಲಿ ನಿಂತಿದ್ದೇನೆ ಎಂಬ ಅರಿವು ಬಂತು. ಕೈ ಬಿಟ್ಟಳು. ಸುತ್ತ ನೋಡಿದಳು. ಇಡೀ ಊರು ಅಲ್ಲಿತ್ತು.

ನನಗೂ ಆಗಲೇ ಎಲ್ಲ ಗೊತ್ತಾದದ್ದು. ಉಸಿರಿಲ್ಲದ ಕೂಸಿನ ಪಕ್ಕ ನಾನು ಆ ಟಿಕ್ ಟಿಕ್ ತಂದಿಟ್ಟೆ, ಕೂಸು ಉಸಿರಾಡಿತು. ಎರಡು ಕೂಸು ಕಳೆದುಕೊಂಡ ಮನೆಯವಳು ಬೇರೇನು ತಿಳಿದಾಳು? ಅದು ಹೊರಟುಹೋದರೆ ಮೊಮ್ಮಗನ ಉಸಿರೂ ಅದರ ಹಿಂದೆ ಹೋದೀತು ಎಂದು ಎತ್ತಿಟ್ಟುಕೊಂಡಳು. ಅದು ನಿಂತ ಮೇಲೂ ಕಳ್ಳಿ ಎನಿಸಿಕೊಳ್ಳುವ ಹೆದರಿಕೆಗೆ ಬೆಳಿಗ್ಗೆ ನನ್ನೆದುರು ಇಲ್ಲ ಎಂದವಳು, ಹೆಸರು ಹೊರಬೀಳದ ಉಂಡೆಯಲ್ಲಿಟ್ಟು ಮರಳಿಸಿದಳು. ನನ್ನನ್ನು ಕೇಳಬಹುದಿತ್ತು ಅನ್ನಬೇಡಿ. ಕೇಳಿದಳಲ್ಲ! “ಅದ್ಯಾನವ್ವ” ಎಂದು ಕೇಳಿದವಳಿಗೆ ನಾನು ಸುಮ್ಮನಿರಿ ಎಂದಿದ್ದೆ.

ಆಮೇಲೆ ಶಾಗ್ಯದವರು ಮಾಡಿದ್ದನ್ನು ನಾನು ಈಗಲೂ ಮರೆತಿಲ್ಲ. ಒಬ್ಬರೂ ಅವಳ ಕಡೆ ನೋಡಲಿಲ್ಲ. ಯಾರೋ ಒಬ್ಬ, “ಈ ಸಲ ರಾಗಿ ತೆನೆ ಚಂದಾಗದೆ ಕಣ್ಲಾ” ಎಂದ. ಇನ್ನೊಬ್ಬ, “ಊಂ, ಹಕ್ಕಿ ಕಾಟ ಬುಟ್ರೆ” ಎಂದ. ಹೆಂಗಸರು ಸಗಣಿ ಬಾಚತೊಡಗಿದರು. ಶಿವಮಲ್ಲಪ್ಪನವರು ಕೈ ತೊಳೆಯುತ್ತ, “ಯಾರೂ ಯಾನೂ ಕೇಳ್ನಿಲ್ಲ. ಓಗಿ ಓಗಿ, ದನ ಕಟ್ಟೋ ಒತ್ತಾಯ್ತು” ಎಂದರು. ಜನ ಚದುರಿದರು. ಚಿಕ್ಕತಾಯಮ್ಮ ಮುಖಕ್ಕೆ ಸೆರಗು ಹಾಕಿಕೊಂಡು ನೆಲಕ್ಕೆ ಕುಸಿದವಳು ಹಾಗೇ ಇದ್ದಳು. ಊರೆಲ್ಲ ಸೇರಿ ಮುಚ್ಚಿದ್ದನ್ನು ನನ್ನ ಒಂದು ಕೀ ಬಿಚ್ಚಿಹಾಕಿತ್ತು. ಗಡಿಯಾರ ನನ್ನ ಕೈಯಲ್ಲಿ ಜೋರಾಗಿ ಓಡುತ್ತಿತ್ತು. ನೆಲ ಬಿರಿದು ಒಳಗೆ ಸೇರಿಸಿಕೊಳ್ಳಬಾರದೇ ಅನ್ನಿಸಿತು.

ಆ ರಾತ್ರಿ ಯಜಮಾನರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಮಾದೇವಿಯ ತವರುಮನೆಗೆ ಹೋದರೆ ಬಾಗಿಲು ಹಾಕಿತ್ತು. ಎರಡು ಸಲ ಕರೆದ ಮೇಲೆ ಒಳಗಿನಿಂದ ಚಿಕ್ಕತಾಯಮ್ಮ, “ಕಳ್ಳಿ ಮನೆಗೆ ಯಾಕ್ ಬಂದೀಯವ್ವ?” ಎಂದಳು.

“ಅಜ್ಜಿ, ನೀವು ಕೇಳಿದಿರಿ, ನಾನು ಹೇಳಲಿಲ್ಲ. ಅದನ್ನು ಹೇಳಲಿಕ್ಕೆ ಬಂದೆ” ಎಂದೆ.

ಬಾಗಿಲು ತೆರೆಯಿತು. ಅವಳ ಕಣ್ಣು ಊದಿತ್ತು. ಗಡಿಯಾರವನ್ನು ಹೊಸಿಲ ಹೊರಗೇ ಬಿಟ್ಟು ಒಳಗೆ ಹೋದೆ. ಅವಳ ಕೈ ಹಿಡಿದು, ಬೆರಳುಗಳನ್ನು ಮಗುವಿನ ಎದೆಯ ಮೇಲೆ ಇಟ್ಟೆ. “ನಾನು ಎಣಿಸುತ್ತಿದ್ದದ್ದು ಇದನ್ನು. ಈಗ ಗಡಿಯಾರ ಹೊರಗಿದೆ. ಇದು ಓಡ್ತಾ ಇದೆಯಾ ನೋಡಿ.” ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ. “ಓಡ್ತಾ ಅದೆ ಕಣವ್ವ” ಎಂದಳು ಕೊನೆಗೆ, ಪಿಸುದನಿಯಲ್ಲಿ. “ಅದಕ್ಕೆ ಕೀ ಕೊಡಬೇಕು, ಇವನಿಗೆ ಹಾಲು ಕೊಡಬೇಕು, ಅಷ್ಟೇ ವ್ಯತ್ಯಾಸ” ಎಂದೆ. ಮಾದೇವಿ ನಕ್ಕಳು. ಚಿಕ್ಕತಾಯಮ್ಮ ನಗಲಿಲ್ಲ. ಹೊರಡುವಾಗ, ಬೇಕಿದ್ದರೆ ಗಡಿಯಾರವನ್ನು ಇಟ್ಟುಕೊಳ್ಳಿ ಎಂದೂ ಹೇಳಿನೋಡಿದೆ. ಅವಳು ಕೆಂಡ ಕಂಡಂತೆ ಹಿಂದೆ ಸರಿದಳು.

ಆಮೇಲೆ ನಾನು ಎಲ್ಲೇ ಹೆರಿಗೆಗೆ ಹೋದರೂ ಪೆಟ್ಟಿಗೆ ತೆರೆದ ಕೂಡಲೇ ಮನೆಯವರನ್ನು ಕರೆದು, ಇದು ಇದಕ್ಕೆ, ಅದು ಅದಕ್ಕೆ ಎಂದು ಒಂದೊಂದನ್ನೂ ತೋರಿಸಿ ಹೇಳತೊಡಗಿದೆ. ಗಡಿಯಾರವನ್ನು ಅವರ ಕಿವಿಗೆ ಹಿಡಿದು, ಇದಕ್ಕೆ ಜೀವವಿಲ್ಲ ಎಂದೂ ಹೇಳುತ್ತಿದ್ದೆ. ಜೊತೆಯವರು, “ನೀನು ಹೆರಿಗೆ ಮಾಡಿಸ್ತೀಯೋ ಪಾಠ ಮಾಡ್ತೀಯೋ?” ಎಂದು ಗೇಲಿ ಮಾಡುತ್ತಿದ್ದರು. ಕಾರಣ ಹೇಳಲಿಲ್ಲ. ತರಬೇತಿಯಲ್ಲಿ ನಾಡಿ ಎಣಿಸುವುದನ್ನು ಚೆನ್ನಾಗಿ ಕಲಿಸಿದ್ದರು. ದೀಪ ಹಿಡಿದು ನಿಂತವಳಿಗೆ ಒಂದು ಮಾತು ಹೇಳಬೇಕು ಎಂಬುದನ್ನು ಕಲಿಸಿದ್ದು ಶಾಗ್ಯ.

ಹುಡುಗ ಅಜ್ಜಿಯ ಮನೆಯಲ್ಲೇ ಚೆನ್ನಾಗಿ ಬೆಳೆದ. ಕೊಳ್ಳೇಗಾಲದಲ್ಲಿ ಇರುವಷ್ಟು ದಿನವೂ ನಾನು ಶಾಗ್ಯಕ್ಕೆ ಹೋಗುತ್ತಿದ್ದೆ. ಚಿಕ್ಕತಾಯಮ್ಮ ಮಜ್ಜಿಗೆ ಕೊಡುತ್ತಿದ್ದಳು, ಮೊಮ್ಮಗನ ತುಂಟತನ ಹೇಳುತ್ತಿದ್ದಳು. ಆದರೆ ನಾನು ಹೊರಡಲು ಎದ್ದ ಕೂಡಲೇ ಬಾಗಿಲಿಗೆ ಬಂದು, ಎರಡೂ ಕೈ ಚಾಚಿ, ಅಂಗೈ ಬಿಡಿಸಿ ತೋರಿಸುತ್ತಿದ್ದಳು. “ನೋಡ್ಕೊ ತಾಯಿ, ಯಾನೂ ಇಲ್ಲ.”

ಬೇಡ ಅಜ್ಜಿ ಎಂದೆ, ಅತ್ತುಬಿಟ್ಟೆ, ಬೈದೆ. ಅವಳು ಬಿಡಲಿಲ್ಲ. ವರ್ಗವಾಗಿ ಹೊರಟ ದಿನ ಹೇಳಿಹೋಗಲು ಹೋದಾಗಲೂ ಮೊಮ್ಮಗನನ್ನು ಕೆಳಗಿಳಿಸಿ, ಸೀರೆಗೆ ಕೈ ಒರೆಸಿಕೊಂಡು, ಎರಡೂ ಅಂಗೈ ತೋರಿಸಿದಳು. ಅಜ್ಜಿಯನ್ನು ನೋಡಿ ಆ ಮಗುವೂ ತನ್ನ ಪುಟ್ಟ ಅಂಗೈಗಳನ್ನು ನನ್ನ ಮುಂದೆ ಚಾಚಿತು.